ಎರಡು ಅರೆಬಳೆಗಳ ನಡುವೆ

ಕೂದಲೇನಾದರೂ ಅಂಟಿಕೊಂಡಿದೆಯೋ ಎಂದು ಊದಿ ನೋಡಿದಳು, ಕೂದಲಲ್ಲ, ಬೆಳಕು — ಮರದ ಎರಡು ಅರೆಬಳೆಗಳನ್ನು ಮುಖಕ್ಕೆ ಮುಖ ತಾಗಿಸಿ ಪಡುವಣ ಕಿಟಕಿಗೆ ಹಿಡಿದರೆ ಬಲಗಡೆಯ ಸಂದಿನಲ್ಲಿ ಬೆಳಕಿನದೊಂದು ಎಳೆ, ಮೇಲಿನಿಂದ ಕೆಳಗಿನವರೆಗೆ ಎಲ್ಲಿಯೂ ಕಡಿಯದೆ, ಮಣಿಕಟ್ಟು ನೋಯುವಂತೆ ಒತ್ತಿದಳು, ಹೋಯಿತು ಎಂದುಕೊಳ್ಳುವಷ್ಟರಲ್ಲಿ ಎಡಗಡೆಯ ಸಂದಿನಲ್ಲಿ ಕಾಣಿಸಿತು, ಒಂದು ಮಗುವಿನ ಬಾಯಿ ಮುಚ್ಚಿಸಿದರೆ ಇನ್ನೊಂದು ಅಳುವ ಹಾಗೆ, ದೇವರೇ, ಎಷ್ಟು ದಣಿದಿದೆ ಈ ತೋಳು, ಇವತ್ತೊಂದು ದಿನವಾದರೂ ತಾನಾಗಿ ಕೂಡಿಬರಬಾರದಿತ್ತೇ. ಆಚೆ ಕೋಣೆಯಲ್ಲಿ ಗರಗಸ ಇನ್ನೂ ತಿರುಗುತ್ತಿದೆ, ಅದು ನಿಂತ ಕೂಡಲೇ ಅಣ್ಣ ಕೇಳುತ್ತಾನೆ, ಬೆಳಕು ಬರ್ತಿದ್ಯೇನೇ, ಕತ್ತಲೆ ಅಣ್ಣ ಎಂದು ಇವಳ ಬಾಯಿ ತಾನೇ ಹೇಳಿಬಿಡುತ್ತದೆ, ಮರದ ಬಳೆಯ ಮೇಲೆ ಬಳೆ ಕೂರಿಸಿ ಬಟ್ಟಲು ಮಾಡುವ ಈ ಕಾರ್ಖಾನೆಯ ಶಾಸ್ತ್ರ ಅಪ್ಪನ ಕಾಲದಿಂದಲೂ ಇಷ್ಟೇ, ಕೊಯ್ದವನು ಕೇಳಬೇಕು, ಅಂಟಿಸುವವಳು ಹೇಳಬೇಕು, ಕತ್ತಲೆ ಎಂಬ ಮಾತು ಬಿದ್ದ ಮೇಲೆಯೇ ಅರೆಬಳೆ ಎರಡನ್ನೂ ಕೂಡಿಸಲು ಅಂಟಿನ ಡಬ್ಬಿಯ ಮುಚ್ಚಳ ತೆಗೆಯಬೇಕು. ಲೋಕಕ್ಕೆಲ್ಲ ಬೆಳಕು ಬೇಕು ಕಣಮ್ಮ, ನಮಗೊಬ್ಬರಿಗೆ ಬೇಡ, ಎನ್ನುತ್ತಿದ್ದ ಅಪ್ಪ, ಆ ದೊಡ್ಡ ಹೊಟ್ಟೆ ಕುಲುಕಿಸಿ ನಗುತ್ತ, ತುಂಡಿನ ಕೊಯ್ದ ಮೈಗೆ ಮೊದಲು ತೆಳ್ಳಗೆ ಅಂಟು ಕುಡಿಸು, ಅಳಿಯನಿದ್ದ ಹಾಗೆ ಅದು, ಕುಡಿಸದೆ ಕೂರಿಸಿದರೆ ಮುನಿಯುತ್ತೆ, ಆಮೇಲೆ ಇನ್ನೊಂದು ಸಲ ಹಚ್ಚಿ ಎರಡನ್ನೂ ಹಿಂದೆಮುಂದೆ ಉಜ್ಜು, ತಾನೇ ಬಿಗಿಯಾಗಿ ಕಚ್ಚಿಕೊಳ್ಳುತ್ತೆ, ಕಚ್ಚಿದ ಮೇಲೆ ಒಂದು ಪದ್ಯ ಹೇಳಿ ಮುಗಿಯೋವರೆಗೆ ಅಲುಗಿಸಬೇಡ, ಹಿಂಡಲೂ ಬೇಡ, ಹಿಂಡಿದರೆ ಅಂಟೆಲ್ಲ ಆಚೆಗೆ, ಒಳಗೆ ಬರೀ ಉಪವಾಸ. ಈಗಲೂ ಪದ್ಯ ಹೇಳುತ್ತಾಳೆ, ತುಟಿಯಲ್ಲೇ, ಎರಡನೆಯ ಸಾಲಿಗೆ ಬರುವಾಗ ಬೆರಳ ತುದಿಗೆ ಅಂಟಿನ ಬಿಸುಪು ಹೋದದ್ದು ಗೊತ್ತಾಗುತ್ತದೆ, ಕೊನೆಯ ಸಾಲಿಗೆ ಎರಡು ಮರ ಒಂದಾಗಿರುತ್ತವೆ, ಆದರೆ ಪದ್ಯ ಕಲ್ಲನ್ನು ಕರಗಿಸಿದರೂ ಕರಗಿಸೀತು, ತಪ್ಪು ಕೋನವನ್ನು ತಿದ್ದುವುದಿಲ್ಲ, ಒಂದೊಂದು ತುಂಡಿನಲ್ಲಿ ಕಣ್ಣಿಗೆ ಕಾಣದಷ್ಟು ಸೊಟ್ಟ, ಅರೆಬಳೆಗೆ ಆರರಂತೆ ಹನ್ನೆರಡೂ ಸೇರಿ ಬಳೆಯಾಗುವಾಗ ಎಲ್ಲ ಸೊಟ್ಟವೂ ಒಟ್ಟಾಗಿ ಕೊನೆಯ ಸಂದಿಗೆ ಬಂದು ಕೂರುತ್ತದೆ, ಬೆಳಕಿನ ಎಳೆಯಾಗಿ.

ಕೂದಲು ಸೀಳುವವನು ಎಂದೇ ಅಣ್ಣನಿಗೆ ಹೆಸರು, ಅವನು ಕೊಯ್ದ ತುಂಡಿಗೆ ಅಳತೆಗೋಲು ಹಿಡಿದರೆ ಅಳತೆಗೋಲಿಗೇ ನಾಚಿಕೆ ಎನ್ನುತ್ತಿದ್ದರು, ಈಗ ಮಾತಾಡುವಾಗ ಇವಳ ಕಿವಿ ನೋಡುತ್ತಾನೆ, ಮುಖ ನೋಡಿದರೆ ಮುಖ ಕಾಣುವುದಿಲ್ಲವಂತೆ, ನಡುವೆ ಒಂದು ಬೂದುಬಣ್ಣ, ಸುತ್ತ ಮಾತ್ರ ಲೋಕ, ಅದನ್ನೂ ಅತ್ತಿಗೆಗೆ ಹೇಳಿದ್ದೇ ಹೊರತು ಇವಳಿಗಲ್ಲ, ನನಗೇನಾಗಿದೆ, ಕೈ ನೋಡುತ್ತೆ ಬಿಡು ಎನ್ನುತ್ತಾನೆ, ಇವಳೂ ಬಿಟ್ಟಳು, ಬಿಡದೆ ಏನು ಮಾಡುವುದು, ಹೋದ ಚಳಿಗಾಲದಿಂದ ಅವನು ಊಟಕ್ಕೆ ಎದ್ದು ಹೋಗುವುದನ್ನೇ ಕಾದು, ಗಾಜಿನ ಹಲಗೆಗೆ ಉಪ್ಪುಕಾಗದ ಅಂಟಿಸಿ, ಅರೆಬಳೆಗಳ ತುದಿಗಳನ್ನು ಅದರ ಮೇಲೆ ತಿಕ್ಕಿ ತಿಕ್ಕಿ, ಕಳ್ಳಿಯ ಹಾಗೆ ಬಾಗಿಲ ಕಡೆ ಒಂದು ಕಣ್ಣಿಟ್ಟು, ಅವನ ತಪ್ಪನ್ನು ಪುಡಿ ಮಾಡಿ ಊದಿಬಿಡುತ್ತಿದ್ದಳು, ಅವನು ಬಾಯಿ ಒರೆಸುತ್ತ ಬಂದು ಸಂದಿನ ಮೇಲೆ ಉಗುರು ಎಳೆಯುತ್ತಾನೆ, ಉಗುರು ಎಲ್ಲಿಯೂ ತಡೆಯುವುದಿಲ್ಲ, ನೋಡ್ದ್ಯಾ, ಕೊಯ್ದಿದ್ದು ಯಾರು, ಇನ್ಯಾರು ನೀನೇ ಮಹಾರಾಯ, ಆಗ ಅವನು ನಗುವ ನಗೆ ಥೇಟು ಅಪ್ಪನದು, ಆ ನಗೆಗಾಗಿಯೇ ತಿಕ್ಕಿದಳೋ ಏನೋ, ಭುಜದ ಕೀಲು ಹಿಡಿದುಕೊಂಡಿತು, ಹಿಡಿದುಕೊಳ್ಳಲಿ ಎಂದಳು. ಇವತ್ತೂ ತಿಕ್ಕಬಹುದು. ಆದರೆ ಬೆಳಿಗ್ಗೆ ಅತ್ತಿಗೆ ಒದ್ದೆ ಕೈಯಲ್ಲಿ ಅವನ ಅಂಗಿ ಹಿಡಿದು ಬಂದು ನಿಂತಳಲ್ಲ, ನೋಡೇ ಇಲ್ಲಿ, ತೋಳಿನ ತುದಿ, ಇಲಿ ಕಡಿದಿದ್ದು ಅನ್ಬೇಡ, ಇಲಿ ಇಷ್ಟು ನೆಟ್ಟಗೆ ಕಡಿಯಲ್ಲ, ಹೌದು, ನೆಟ್ಟಗಿತ್ತು ಕೊಯ್ತ, ಗುಂಡಿಯ ಅರ್ಧವನ್ನೂ ಸೇರಿಸಿಕೊಂಡು ಹೋಗಿತ್ತು ಗರಗಸದ ಹಲ್ಲು, ಗುಂಡಿಯಿಂದ ಒಳಗೆ ಮಣಿಕಟ್ಟು, ಇನ್ನೆಷ್ಟು ದೂರ. ನಾನು ಹೇಳಿದ್ರೆ ಹೆಂಡತಿಯ ಗೊಣಗಾಟ, ನೀನು ಹೇಳಿದ್ರೆ ಮರದ ಮಾತು, ನಿನ್ನ ಕತ್ತಲೆ ಕೇಳ್ಕೊಂಡೇ ಅಲ್ವಾ ಅವರು ದಿನಾ ಆ ಯಂತ್ರದ ಮುಂದೆ ಕೂರೋದು, ಎಂದಳು ಅತ್ತಿಗೆ, ಸಿಟ್ಟಿಲ್ಲದೆ ಎಂದಳು, ಸಿಟ್ಟಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ನಿಜವೇ, ಇವಳು ಮುಚ್ಚಿದ ಒಂದೊಂದು ಸಂದೂ ಅವನನ್ನು ಹಲ್ಲಿನ ಹತ್ತಿರಕ್ಕೆ ಒಂದೊಂದು ಹೆಜ್ಜೆ ತಳ್ಳಿತು, ಪ್ರೀತಿ ಎಂದುಕೊಂಡು ಮಾಡಿದ್ದು, ದೇವರೇ, ಕೈ ಕಾಯುವವನೇ, ಅವನ ಬೆರಳು — ಗರಗಸ ನಿಂತಿತು.

ಬೆಳಕು ಬರ್ತಿದ್ಯೇನೇ? ಬಾಯಲ್ಲಿ ಕತ್ತಲೆ ಸಿದ್ಧವಾಗಿಯೇ ಇತ್ತು, ನಾಲಿಗೆಯ ತುದಿಗೆ ಬಂದದ್ದನ್ನು ಉಗುಳಿನ ಜೊತೆ ನುಂಗಿದಳು, ಬರ್ತಿದೆ ಅಣ್ಣ, ಎಂದಳು, ತನ್ನ ದನಿ ತನಗೇ ಯಾರದೋ ಎನಿಸಿತು, ಆಚೆ ಸ್ಟೂಲು ಹಿಂದಕ್ಕೆ ಸರಿಯಿತು, ಏನಂದೆ? ಬೆಳಕು ಬರ್ತಿದೆ, ತುಂಬಾ ದಿನದಿಂದ ಬರ್ತಿದೆ, ನಾನೇ ತಿಕ್ಕಿ ಸರಿ ಮಾಡ್ತಿದ್ದೆ, ಇನ್ನು ನೀನು ಕೊಯ್ಯಬೇಡ, ನಾನು ಕೊಯ್ತೀನಿ, ನೀನು ಅಂಟಿಸು, ನಿನ್ನ ಬೆರಳಿಗೆ ಅಂಟು ಗೊತ್ತಾಗುತ್ತೆ — ಇಷ್ಟೂ ಒಂದೇ ಉಸಿರಿನಲ್ಲಿ ಬಂದಿತು, ಮೈಯೆಲ್ಲ ಖಾಲಿಯಾದಂತೆ, ಬಯ್ಯಲಿ, ಬಂದು ಎರಡು ಬಾರಿಸಲಿ, ಚಿಕ್ಕಂದಿನಲ್ಲಿ ಬಾರಿಸಲಿಲ್ಲವೇ. ಬಾಗಿಲ ಚೌಕಟ್ಟು ಸವರಿಕೊಂಡು ಬಂದ, ಹುಬ್ಬಿನ ಮೇಲೆಲ್ಲ ಮರದ ಹೊಟ್ಟು, ಕೊಡು ಇಲ್ಲಿ, ಅರೆಬಳೆಗಳನ್ನು ಕೈಗಿಟ್ಟಳು, ಅವನು ಮುಖಕ್ಕೆ ಮುಖ ತಾಗಿಸಿದ, ಎಷ್ಟು ಚೆಂದ ಹಿಡಿಯುತ್ತಾನೆ ಈಗಲೂ, ಹಿಂಡದೆ, ಹಕ್ಕಿಮರಿ ಹಿಡಿದಂತೆ, ಕಿಟಕಿಗೆ ಎದುರಾಗಿ ನಿಂತು ಕಣ್ಣಿನ ನೇರಕ್ಕೆ ಎತ್ತಿದ, ನೋಡಿದ, ತುಂಬ ಹೊತ್ತು ನೋಡಿದ, ಈಗ ಗೊತ್ತಾಗುತ್ತೆ, ಪಾಪ, ಈಗ. ಎಲ್ಲೇ ಬೆಳಕು? ಎಂದ. ಸುಳ್ಳಲ್ಲ, ಹಟವೂ ಅಲ್ಲ, ಆ ದನಿಯಲ್ಲಿ ನಿಜವಾದ ನೆಮ್ಮದಿ, ತಂಗಿಯ ಮೇಲೆ ಮರುಕ. ಗವ್ ಅನ್ನೋ ಕತ್ತಲೆ ಕಣೇ, ಅಪ್ಪನೂ ಹೀಗೆ ಕೊಯ್ದಿರಲಿಲ್ಲ, ಬೆಳಗಿನಿಂದ ಹೊಟ್ಟಲ್ಲಿ ಕೂತು ನಿಂಗೆ ಕಣ್ಣು ಕಟ್ಟಿದೆ, ಹೋಗು, ಸ್ವಲ್ಪ ಮಲ್ಕೋ, ಉಳಿದ ಬಳೆಗಳನ್ನೂ ನಾನು ಕೊಯ್ದಿಡ್ತೀನಿ. ಅವನು ಇನ್ನೂ ಇಳಿಸಿಲ್ಲ, ಹೆಮ್ಮೆಯಿಂದ ಹಾಗೇ ಎತ್ತಿ ಹಿಡಿದಿದ್ದಾನೆ, ಇಳಿಬಿಸಿಲು ಸಂದಿನಿಂದ ತೂರಿ ಬಂದು ಅವನ ಹಣೆಯ ಮೇಲೆ, ಹುಬ್ಬಿನ ಹೊಟ್ಟಿನ ಮೇಲೆ, ತೆರೆದ ಕಣ್ಣಿನ ಪಾಪೆಯ ನಟ್ಟನಡುವೆ, ಕೂದಲಿನಷ್ಟು ಸಣ್ಣಗೆ, ಕಡಿಯದೆ, ರೆಪ್ಪೆ ಅಲುಗಲಿಲ್ಲ, ಕಣ್ಣಿನ ಮೇಲೆಯೇ ಇದೆ, ಬೆಳಕಿನ ಎಳೆ, ಕತ್ತಲೆ ಎನ್ನುತ್ತಿದ್ದಾನೆ, ಕಣ್ಣಿನ ಮೇಲೆಯೇ, ಬೆಳಕಿನ ಎಳೆ —