ಬಲಗಡೆಯ ಶಿಫ್ಟ್ ಕೀ

ನಾನು ಒಂದು ಕೀಬೋರ್ಡು. ಪುಸ್ತಕ ಬರೆಯುವವರು ನನ್ನನ್ನು ಕೀಲಿಮಣೆ ಎನ್ನುವುದುಂಟು; ನನ್ನೊಂದಿಗೆ ದುಡಿದವರು ಯಾರೂ ಹಾಗೆ ಕರೆಯಲಿಲ್ಲ. ಹುಟ್ಟಿದ್ದು ಎಲ್ಲೋ ದೂರದ ಒಂದು ಕಾರ್ಖಾನೆಯಲ್ಲಿ. ಕರಿ ಪ್ಲಾಸ್ಟಿಕ್ಕನ್ನು ಕರಗಿಸಿ ಅಚ್ಚಿಗೆ ಸುರಿದರು, ಹೊಟ್ಟೆಯೊಳಗೆ ತೆಳ್ಳನೆಯ ರಬ್ಬರಿನ ಹಾಳೆ ಹಾಸಿದರು, ಮೇಲೆ ಒಂದೊಂದೇ ಗುಂಡಿ ಕೂರಿಸಿ ಬೆನ್ನಿಗೊಂದು ವಾಯರು ಅಂಟಿಸಿದರು. ಕೊನೆಯಲ್ಲಿ ಒಬ್ಬ ಹೆಂಗಸು ನನ್ನ ಮೈಮೇಲೆಲ್ಲ ಬೆರಳಾಡಿಸಿ, ಸರಿಯಾಗಿದೆ ಎಂಬಂತೆ ತಲೆಯಾಡಿಸಿ, ಪೆಟ್ಟಿಗೆಯಲ್ಲಿಟ್ಟು ಮುಚ್ಚಿದಳು. ಪೂರ್ತಿಯಾದ ಮೇಲೆ ನನ್ನನ್ನು ಮುಟ್ಟಿದ ಮೊದಲ ಕೈ ಅದು. ಬೆಚ್ಚಗಿತ್ತು.

ಮತ್ತೆ ಬೆಳಕು ಕಂಡಿದ್ದು ಗದಗಿನ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಸೈಬರ್ ಕೆಫೆಯಲ್ಲಿ. ಅಲ್ಲಿ ನನ್ನ ಮೇಲೆ ಚಹಾ ಚೆಲ್ಲಿತು, ಚುರುಮುರಿ ಬಿತ್ತು, ಪರೀಕ್ಷೆಯ ಫಲಿತಾಂಶದ ದಿನ ಎಷ್ಟೋ ಮಕ್ಕಳ ಬೆವರು ಇಳಿಯಿತು. ಆಮೇಲೆ ಎಲ್ಲರ ಕೈಗೂ ಫೋನು ಬಂದು ಕೆಫೆಗೆ ಬೀಗ ಬಿತ್ತು. ಕಂಪ್ಯೂಟರಿನ ಜೊತೆ ನನ್ನನ್ನೂ ಶಿವಯೋಗಿ ಎಂಬವರು ತಮ್ಮ ಪ್ರೆಸ್ಸಿಗೆ ತಂದರು. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಕರಪತ್ರ ಅಚ್ಚು ಹಾಕುವ ಚಿಕ್ಕ ಪ್ರೆಸ್ಸು ಅದು. ನನ್ನ ಗುಂಡಿಗಳ ಮೇಲೆ ಕನ್ನಡ ಅಕ್ಷರದ ಸ್ಟಿಕ್ಕರು ಅಂಟಿಸಿ, ಅಲ್ಲಿ ಟೈಪು ಮಾಡುವ ಕಸ್ತೂರಿಯ ಮುಂದೆ ಇಟ್ಟರು.

ಮೇಜಿನ ಮೇಲೆ ಅಂಗಾತ ಮಲಗಿದ ನನಗೆ ಮನುಷ್ಯರು ಕಾಣುವುದು ಕೆಳಗಿನಿಂದ. ಮೊದಲು ಬೆರಳು, ಆಮೇಲೆ ಗದ್ದ, ಕಣ್ಣು ಎಷ್ಟೋ ಹೊತ್ತಿನ ಮೇಲೆ. ಕಸ್ತೂರಿಯ ಕಣ್ಣಂತೂ ನನಗೆ ಕಾಣುತ್ತಲೇ ಇರಲಿಲ್ಲ, ಏಕೆಂದರೆ ಆಕೆ ನನ್ನತ್ತ ನೋಡದೆಯೇ ಟೈಪು ಮಾಡುತ್ತಿದ್ದಳು. ಕಾರ್ಡು ಬರೆಸಲು ಬಂದವರು ಮಾತು ಮುಗಿಸುವಷ್ಟರಲ್ಲಿ ಸಾಲು ಪರದೆಯ ಮೇಲೆ ಮೂಡಿರುತ್ತಿತ್ತು. "ಕಸ್ತೂರಕ್ಕನ ಕೈ ಅಂದ್ರ ಕೈ ನೋಡ್ರಿ" ಎಂದು ಗಿರಾಕಿಗಳು ಹೊಗಳಿದಾಗ ಆಕೆ ಇನ್ನಷ್ಟು ವೇಗವಾಗಿ ಒತ್ತುತ್ತಿದ್ದಳು. ಹತ್ತನೆಯ ತರಗತಿಯಲ್ಲಿ ಫೇಲಾಗಿ ಮನೆಯಲ್ಲಿ ಕುಳಿತು, ಇವಳಿಗೆ ಏನೂ ಬರುವುದಿಲ್ಲ ಎಂದು ಎಲ್ಲರಿಂದ ಅನ್ನಿಸಿಕೊಂಡ ಹೆಂಗಸು ಅವಳು. ಟೈಪಿಂಗ್ ಕಲಿತ ಮೇಲೆಯೇ ಅವಳು ತಲೆಯೆತ್ತಿ ನಡೆದದ್ದು. ಆ ಬೆರಳುಗಳ ಮೇಲೆ ಅವಳ ಅಷ್ಟೂ ಅಭಿಮಾನ ಕುಳಿತಿತ್ತು.

ಒಂದು ಮದುವೆ ಸೀಜನ್ನಿನ ಮಧ್ಯಾಹ್ನ ದಾವಲಸಾಬರು ಬಂದರು. ಊರೆಲ್ಲ ಅವರನ್ನು ಪೇಂಟರ್ ಕಾಕಾ ಎನ್ನುತ್ತಿತ್ತು. ಫ್ಲೆಕ್ಸು ಬರುವ ಮುಂಚೆ ಗದಗಿನ ಅರ್ಧ ಅಂಗಡಿಗಳ ಬೋರ್ಡು ಬರೆದದ್ದು ಅವರೇ. ಅಳತೆಪಟ್ಟಿ ಇಲ್ಲದೆ ಗೆರೆ ಎಳೆಯುತ್ತಿದ್ದ ಆ ಕೈ ಈಗ ನಡುಗುತ್ತಿತ್ತು. ಬಲಗೈಯನ್ನು ಅವರು ಎಡಗೈಯಿಂದ ಮುಚ್ಚಿ ಹಿಡಿದುಕೊಂಡು ಕೂರುತ್ತಿದ್ದರು, ಯಾರೋ ತಮ್ಮ ಮಡಿಲಲ್ಲಿ ಬಿಟ್ಟುಹೋದ ಹಕ್ಕಿಮರಿಯನ್ನು ಹಿಡಿದಂತೆ.

ಮೊಮ್ಮಗಳು ತಸ್ಲೀಮಾಳ ಮದುವೆ ಕಾರ್ಡು ಮಾಡಿಸಬೇಕಿತ್ತು. ಕಸ್ತೂರಿ ಹೆಸರು, ದಿನ, ಜಾಗ ಎಲ್ಲ ಕೇಳಿ ಟೈಪು ಮಾಡತೊಡಗಿದಳು. ಕಾಕಾ ಪಕ್ಕದ ಸ್ಟೂಲಿನಲ್ಲಿ ಕುಳಿತು ಪರದೆ ನೋಡುತ್ತಿದ್ದವರು ಮೆಲ್ಲಗೆ ಕೇಳಿದರು.

"ಕಸ್ತೂರವ್ವ, ಹುಡುಗಿ ಹೆಸರೊಂದ ನಾ ಒತ್ತಲೇನು? ನಮ್ಮ ಮನೀ ಕಾರ್ಡ ಎಲ್ಲಾ ನಾನ ಬರದೇನಿ. ಇದೊಂದ ಉಳದದ."

ಹೊರಗೆ ಬೆಂಚಿನ ಮೇಲೆ ಗಿರಾಕಿಗಳು ಕಾಯುತ್ತಿದ್ದರು. ಆದರೂ ಅವಳು ಇಲ್ಲವೆನ್ನಲಿಲ್ಲ, ನನ್ನನ್ನು ಅವರತ್ತ ಸರಿಸಿದಳು. "ಒತ್ರಿ ಕಾಕಾ, ಲಗೂನ."

ಅವರ ಬೆರಳು ನನ್ನನ್ನು ಮುಟ್ಟಿತು. ಮುಟ್ಟಿತು ಎನ್ನುವುದಕ್ಕಿಂತ ತಟತಟನೆ ಬಡಿಯಿತು. ಪರದೆಯ ಮೇಲೆ ‘ತತತತತ’ ಎಂದು ಬಿತ್ತು. ಕಾಕಾ ನಾಚಿ ನಕ್ಕು ಕೈ ಹಿಂದೆಗೆದರು. ಕಸ್ತೂರಿಯೂ ನಕ್ಕು, ಅದನ್ನು ಅಳಿಸಿ, ನನ್ನನ್ನು ಮತ್ತೆ ತನ್ನ ಮುಂದಕ್ಕೆ ಎಳೆದುಕೊಂಡಳು. ಅಲ್ಲಿಯವರೆಗೆ ಯಾರಿಗೂ ಏನೂ ಆಗಿರಲಿಲ್ಲ.

ಆಗ ಫೋನು ಬಂತು. ಯಾರೋ ವಿಳಾಸ ಬದಲಾಯಿಸಬೇಕೆಂದು ಉದ್ದಕ್ಕೆ ಹೇಳುತ್ತಿದ್ದರು. ಕಸ್ತೂರಿ ಫೋನನ್ನು ಕಿವಿಗೂ ಎಡ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, "ಹೂಂ ಹೇಳ್ರಿ, ಹೂಂ" ಎನ್ನುತ್ತ ಬಲಗೈಯ ಭಾರವನ್ನೆಲ್ಲ ನನ್ನ ಮೇಲೆ ಬಿಟ್ಟಳು. ಕಿರುಬೆರಳು ಬಲಗಡೆಯ ಶಿಫ್ಟ್ ಕೀಯ ಮೇಲೆ ಕುಳಿತಿತ್ತು. ಅಲ್ಲಿಂದ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಕಂಪ್ಯೂಟರು ಕುಂಯ್ ಎಂದು ಸದ್ದು ಮಾಡಿ, ಪರದೆಯ ಮೇಲೆ ಒಂದು ಚೌಕ ತೆರೆದು ಏನನ್ನೋ ಕೇಳಿತು. ಅಂಥ ಚೌಕಗಳು ದಿನಕ್ಕೆಷ್ಟೋ ಬರುತ್ತಿದ್ದವು. ಆಕೆ ಓದಲಿಲ್ಲ. ಎಂಟರ್ ಒತ್ತಿ ಕಳಿಸಿಬಿಟ್ಟಳು.

ಫೋನು ಇಟ್ಟು ಆಕೆ ಟೈಪು ಮಾಡಲು ಹೊರಟರೆ ಅಕ್ಷರ ಬರಲಿಲ್ಲ. ನಾನು ಎಂದಿನಂತೆ ಕಳಿಸುತ್ತಲೇ ಇದ್ದೆ, ಕಂಪ್ಯೂಟರು ಒಳಗೆ ಬಿಡುತ್ತಿರಲಿಲ್ಲ. ಬೆರಳು ಒಂದು ಗಳಿಗೆ ಊರಿ ನಿಂತರೆ ಮಾತ್ರ ಆ ಅಕ್ಷರಕ್ಕೆ ಬಾಗಿಲು ತೆರೆಯುತ್ತಿತ್ತು. ಕಸ್ತೂರಿಯ ಬೆರಳು ನಿಲ್ಲುವ ಬೆರಳೇ ಅಲ್ಲವಲ್ಲ. ಅವಳು ಇಡೀ ಸಾಲು ಬಾರಿಸಿದರೂ ಪರದೆ ಬಿಳಿಯಾಗಿಯೇ ಉಳಿಯಿತು. ಇನ್ನೂ ಜೋರಾಗಿ ಬಾರಿಸಿದಳು. ನನ್ನನ್ನು ಬೋರಲು ಹಾಕಿ ಬೆನ್ನಿಗೆ ಬಡಿದಳು. ವಾಯರು ಕಿತ್ತು ಮತ್ತೆ ಚುಚ್ಚಿದಳು. ಬೆಂಚಿನಿಂದ ಒಬ್ಬ, "ಏನ್ ಕಸ್ತೂರಕ್ಕ, ಇವತ್ತ ಕೈ ಓಡವಲ್ದು?" ಎಂದ. ಅವಳ ಬೆರಳ ತುದಿ ತಣ್ಣಗಾದದ್ದು ನನಗೆ ತಿಳಿಯಿತು.

ಆ ಮಾತಿನ ಉರಿಯನ್ನು ಅವಳು ಪಕ್ಕದಲ್ಲಿದ್ದ ಮುದುಕನ ಮೇಲೆ ಸುರಿದಳು.

"ಮುಟ್ಟಬ್ಯಾಡ್ರಿ ಅಂದ್ರ ಕೇಳಲಿಲ್ಲ ನೀವು! ಈಗ ನೋಡ್ರಿ, ಕೆಟ್ಟು ಕುಂತೈತಿ. ಕೈ ನಿಂದರಂಗಿಲ್ಲ ಅಂದ್ರ ಮಡಚಿಕೊಂಡು ಸುಮ್ಮನ ಕುಂದರಬೇಕು. ಈ ಕೈ ತಗೊಂಡು ಯಾಕ ಬರ್ತೀರಿ ಇಲ್ಲಿ?"

ಮುಟ್ಟಬೇಡಿ ಎಂದು ಅವಳು ಹೇಳಿಯೇ ಇರಲಿಲ್ಲ.

ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು. ಕಾಕಾ ಎದ್ದು ನಿಂತರು. ಬಲಗೈಯನ್ನು ಬೆನ್ನ ಹಿಂದೆ ಒಯ್ದರು, ಪೆಟ್ಟು ತಿನ್ನಲಿರುವ ಶಾಲೆಯ ಹುಡುಗನಂತೆ.

"ತಪ್ಪಾತವ್ವ. ನಂದ ತಪ್ಪು. ಆಸೆ ಪಟ್ಟಬಿಟ್ಟೆ" ಎಂದರು. ಕಾರ್ಡಿನ ಮಾತೆತ್ತದೆ ಮೆಟ್ಟಿಲಿಳಿದು ಹೋದರು.

ಮರುದಿನ ಕಂಪ್ಯೂಟರು ರಿಪೇರಿ ಮಾಡುವ ಫಕೀರೇಶ ಬಂದ. ನನ್ನ ಒಂದು ಗುಂಡಿಯನ್ನು ಒತ್ತಿ ಹಿಡಿದ; ಅಕ್ಷರ ಬಂತು. ಒತ್ತಿ ಬಿಟ್ಟ, ಬರಲಿಲ್ಲ. ಅವನು ನಕ್ಕ.

"ಇದು ಕೆಟ್ಟಿಲ್ರೀ ಅಕ್ಕಾರ. ಫಿಲ್ಟರ್ ಕೀ ಅಂತ ಇರ್ತದ, ಅದು ಚಾಲೂ ಆಗೇತಿ." ಸೆಟ್ಟಿಂಗ್ ತೆರೆದು, ಕೀಬೋರ್ಡಿನ ಪುಟಕ್ಕೆ ಹೋಗಿ, ಪರದೆಯ ಮೇಲಿನ ಒಂದು ಗುಂಡಿಯನ್ನು ಆಚೆಯಿಂದ ಈಚೆಗೆ ಸರಿಸಿದ. ಅಷ್ಟೇ. ನಾನು ಕಳಿಸಿದ್ದೆಲ್ಲ ಮತ್ತೆ ಸರಾಗವಾಗಿ ಒಳಗೆ ಹೋಗತೊಡಗಿತು. "ಬಲಗಡೀ ಶಿಫ್ಟ್ ಒತ್ತಿ ಹಂಗ ಹಿಡಕೊಂಡ್ರ ತಾನ ಬರ್ತದ. ಚಾಲೂ ಮಾಡಲೇನು ಅಂತ ಒಂದು ಚೌಕ ಬಂದು ಕೇಳ್ತದ. ಓದಲಾರದ ಎಂಟರ್ ಹೊಡದ್ರ ಮುಗೀತು."

ಕಸ್ತೂರಿಯ ಕೈ ನನ್ನ ಅಂಚಿನ ಮೇಲಿತ್ತು. ಅದು ಒಮ್ಮೆಗೇ ಬಿಗಿಯಾಯಿತು.

"ಇಂಥಾದ್ದು ಯಾಕರ ಇಟ್ಟಾರ?" ಎಂದಳು.

"ಕೈ ನಡಗೋರ ಸಲುವಾಗಿ. ಒಂದ ಸಲ ಒತ್ತಿದ್ದು ನಾಕ ಸಲ ಬೀಳಬಾರದಂತ. ಪಾಪ, ಅವರೂ ಬರೀಬೇಕಲ್ರೀ."

ಒಳಗೆ ಕಾಗದ ಕತ್ತರಿಸುತ್ತಿದ್ದ ಶಿವಯೋಗಿ ಕೂಗಿ ಕೇಳಿದರು. "ನಿನ್ನೆ ಆ ಪೇಂಟರ್ ಒತ್ತಿಟ್ಟು ಹೋಗಿರಬೇಕು, ಹೌದಲ್ಲ ಕಸ್ತೂರಿ?"

ಅವಳು "ಹೂಂ" ಎಂದಳು.

ಬೈದದ್ದು ಸಿಟ್ಟಿನಲ್ಲಿ. ಈ ‘ಹೂಂ’ ಗೊತ್ತಿದ್ದೂ ಅಂದದ್ದು. ಅವಳಿಗೆ ಚೌಕ ನೆನಪಾಗಿತ್ತು, ಫೋನು ನೆನಪಾಗಿತ್ತು, ತನ್ನ ಕಿರುಬೆರಳು ಎಲ್ಲಿತ್ತೆಂಬುದೂ ನೆನಪಾಗಿತ್ತು. ಆ ದಿನ ಅವಳು ಟೈಪು ಮಾಡಿದ್ದರಲ್ಲಿ ಸಾಲಿಗೊಂದು ತಪ್ಪು. ಬಲಗೈಯ ಕಿರುಬೆರಳು ಶಿಫ್ಟ್ ಕೀಗೆ ತಾಗಿದಾಗಲೆಲ್ಲ ಬಿಸಿ ತಾಕಿದಂತೆ ಹಿಂದೆ ಸರಿಯುತ್ತಿತ್ತು. ಊಟಕ್ಕೆಂದು ಡಬ್ಬಿ ತೆರೆದವಳು ಹಾಗೆಯೇ ಮುಚ್ಚಿದಳು.

ಆ ವಾರವೇ ಕಾಕಾನ ಸೊಸೆ ಶಮ್ಶಾದ್ ಬಂದಳು. ಕೈಯಲ್ಲಿ ಒಂದು ಉದ್ದನೆಯ ಪೆಟ್ಟಿಗೆ. ಅದನ್ನು ನನ್ನ ಪಕ್ಕದಲ್ಲಿಟ್ಟಳು. ಹೊಸ ಕೀಬೋರ್ಡು.

"ಮಾವಾರು ಕಳಸ್ಯಾರ್ರಿ. ಕೆಡಿಸಿ ಬಂದೇನಿ, ಕೊಟ್ಟು ಬಾ ಅಂದ್ರು. ಕಾರ್ಡ ನಿಮಗ ಹೆಂಗ ಚಂದ ಕಾಣ್ತದೋ ಹಂಗ ಮಾಡ್ರಿ. ಅವರು ಬರಂಗಿಲ್ಲ."

"ಯಾಕ ಬರಂಗಿಲ್ಲ?" ಕಸ್ತೂರಿಯ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

ಶಮ್ಶಾದ್ ಸೆರಗು ಸರಿಮಾಡಿಕೊಂಡಳು. "ಏನಾತೋ ಏನೋ. ಎಲ್ಲೂ ಹೋಗವಲ್ರು. ಮನ್ಯಾಗ ನಮ್ಮ ಕೂಡ ಉಣ್ಣಾಕೂ ಕುಂದರವಲ್ರು. ತಾಟು ಒಯ್ದು ಗ್ವಾಡಿ ಕಡೆ ಮಾರಿ ಮಾಡಿ ಕುಂದರತಾರ. ಮದವಿ ದಿನಾನೂ ಒಳಗ ಇರ್ತೀನಿ, ಮಂದಿ ಮುಂದ ಕರೀಬ್ಯಾಡ್ರಿ ಅಂತಾರ. ತಸ್ಲೀಮಾ ಅಳಾಕತ್ತಾಳ."

ಕಸ್ತೂರಿ ಎದ್ದಳು. ಪೆಟ್ಟಿಗೆಯನ್ನು ಕಂಕುಳಿಗೆ ಅವುಚಿಕೊಂಡು, ಚಪ್ಪಲಿ ಮೆಟ್ಟಿ ಅವಳ ಜೊತೆಯೇ ಹೊರಟಳು.

ಆ ಮನೆಯಲ್ಲಿ ನಡೆದದ್ದನ್ನು ನಾನು ಕಂಡವನಲ್ಲ. ಹಿಂದಿರುಗಿ ಬಂದು ಆಕೆ ಶಿವಯೋಗಿಯ ಮುಂದೆ ಹೇಳಿಕೊಂಡದ್ದನ್ನು ಕೇಳಿದೆ. ಕೆಡಿಸಿದ್ದು ತಾನೇ ಎಂದು ಹೇಳಿ ಕಾಕಾನ ಕಾಲು ಮುಟ್ಟಲು ಹೋದಳಂತೆ. ಅವರು ಕಾಲು ಹಿಂದೆಳೆದುಕೊಂಡರಂತೆ. "ಇರಲಿ ಬಿಡವ್ವ. ನೀ ಅಂದದ್ದು ಸುಳ್ಳೇನಲ್ಲ. ಕೈ ನಡಗೋದು ಖರೇನ ಅಲ್ಲೇನು" ಎಂದರಂತೆ. ಪೆಟ್ಟಿಗೆಯನ್ನು ವಾಪಸ್ಸು ತೆಗೆದುಕೊಳ್ಳಲಿಲ್ಲವಂತೆ.

"ಬೈದಿದ್ರ ಚಲೋ ಇತ್ರೀ" ಎಂದು ಕಸ್ತೂರಿ ಗೋಡೆಯತ್ತ ತಿರುಗಿ ಕಣ್ಣೊರೆಸಿಕೊಂಡಳು. "ನಿಮಗೂ ಸುಳ್ಳ ಹೇಳಿದೆ ನಾನು."

"ಆತು, ಹೇಳಿ ಬಂದಿ. ಮುಗೀತಲ್ಲ" ಎಂದರು ಶಿವಯೋಗಿ. "ಗಿರಾಕಿ ಮುಂದ ಮತ್ತ ಎತ್ತಬ್ಯಾಡ."

ಮುಗಿದಿರಲಿಲ್ಲ. ಆಕೆ ಮತ್ತೆ ಮತ್ತೆ ಆ ಮನೆಗೆ ಹೋಗಿಬಂದಳು. ಕಡೆಗೆ ಒಂದು ದಿನ ತಸ್ಲೀಮಾಳೇ ಅಜ್ಜನನ್ನು ತೋಳು ಹಿಡಿದು ಕರೆತಂದಳು. ಬೆಂಚು ತುಂಬಿತ್ತು. ಅವತ್ತು ನಕ್ಕವರಲ್ಲಿ ಒಬ್ಬಿಬ್ಬರು ಅಲ್ಲಿಯೇ ಕುಳಿತಿದ್ದರು. ಕಾಕಾ ಬಾಗಿಲಲ್ಲಿಯೇ ನಿಂತುಬಿಟ್ಟರು.

ಕಸ್ತೂರಿ ಕುರ್ಚಿ ಬಿಟ್ಟೆದ್ದಳು. ಶಿವಯೋಗಿ ಒಳಗಿನಿಂದ ಬೇಡವೆಂದು ಕೈ ಮಾಡುತ್ತಿದ್ದದ್ದು ನನಗೂ ಕಾಣುತ್ತಿತ್ತು.

"ಎಲ್ಲಾರೂ ಸ್ವಲ್ಪ ಕೇಳ್ರಿ" ಎಂದಳು. ಬೆಂಚಿನತ್ತ ತಿರುಗಿ ನಿಂತಳು. "ಅವತ್ತ ಈ ಕಾಕಾರಿಗೆ ನಿಮ್ಮ ಮುಂದ ಬೈದೆ. ಕೀಬೋರ್ಡ ಕೆಡಿಸಿದ್ರಂತ. ಅವರು ಏನೂ ಮಾಡಿರಲಿಲ್ಲ. ಫೋನಿನ್ಯಾಗ ಮಾತಾಡಕೋತ ನಾನ ಕೈ ಇಟ್ಟಿದ್ದೆ, ಕಂಪ್ಯೂಟರ್ ಕೇಳಿದ್ದನ್ನ ಓದಲಾರದ ಹೂಂ ಅಂದಿದ್ದೆ. ಗೊತ್ತಾದ ಮ್ಯಾಲೂ ಅವರ ಮ್ಯಾಲೇ ಹಾಕಿದೆ. ಮುಟ್ಟಬ್ಯಾಡ್ರಿ ಅಂದಿದ್ದೆ ಅಂದದ್ದೂ ಸುಳ್ಳು."

ಬೆಂಚಿನ ಮೇಲಿದ್ದ ಒಬ್ಬ ತನ್ನ ಚಪ್ಪಲಿ ನೋಡತೊಡಗಿದ.

ಅವಳು ತಿರುಗಿ ಬಂದು, ಫಕೀರೇಶ ಬಂದ್ ಮಾಡಿದ್ದ ಅದೇ ಸೆಟ್ಟಿಂಗನ್ನು ತೆರೆದಳು. ಈ ಸಲ ಪ್ರತಿ ಸಾಲನ್ನೂ ಓದಿ ತಾನೇ ಚಾಲೂ ಮಾಡಿದಳು. ಕುರ್ಚಿಯನ್ನು ಕಾಕಾನತ್ತ ತಿರುಗಿಸಿದಳು. "ಕುಂದರ್ರಿ. ಒತ್ತಿ ಸ್ವಲ್ಪ ತಡೀರಿ ಕಾಕಾ. ನಡುಗಿದ್ರೂ ಚಿಂತಿಲ್ಲ, ಒಂದ ಬೀಳ್ತದ."

ಕಾಕಾ ಬಹಳ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಎಡಗೈಯಿಂದ ಬಲ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, ಬೆರಳನ್ನು ನನ್ನ ಮೇಲೆ ಊರಿದರು. ಆ ನಡುಕ ನನ್ನ ಮೈಯೊಳಕ್ಕೆಲ್ಲ ಇಳಿಯಿತು. ಪರದೆಯ ಮೇಲೆ ಒಂದು ‘ತ’ ಮೂಡಿತು. ಒಂದೇ ಒಂದು. ಹೆಸರು ಪೂರ್ತಿಯಾಗುವಷ್ಟರಲ್ಲಿ ಬೆಂಚಿನ ಮೇಲಿದ್ದವರೆಲ್ಲ ಎದ್ದು ಬಂದು ಹಿಂದೆ ನಿಂತಿದ್ದರು. ತಸ್ಲೀಮಾ ಚಪ್ಪಾಳೆ ತಟ್ಟಲು ಹೋಗಿ ತಡೆದುಕೊಂಡಳು.

ಕಾಕಾ ಕಣ್ಣು ಕಿರಿದುಮಾಡಿ ಹೆಸರನ್ನು ದಿಟ್ಟಿಸಿದರು. "ಈ ‘ತ’ದ ಹೊಟ್ಟಿ ಭಾಳ ಸಣ್ಣದಾತು" ಎಂದರು. "ಬ್ಯಾರೆ ನಮೂನಿ ಅಕ್ಷರ ಇದ್ರ ತೋರಸು."

ಕಸ್ತೂರಿ ಒಂದಾದ ಮೇಲೊಂದು ತೋರಿಸಿದಳು. ಅವರು ಒಂದನ್ನೂ ಸುಲಭಕ್ಕೆ ಒಪ್ಪಲಿಲ್ಲ. ಕ್ಷಮಿಸಿದೆ ಎಂದು ಮಾತ್ರ ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಮದುವೆಯ ದಿನ ಅವರು ಮಂದಿಯ ನಡುವೆಯೇ ಕುಳಿತಿದ್ದರೆಂದು ಶಮ್ಶಾದ್ ಬಂದು ಹೇಳಿ ಹೋದಳು.

ಈಗ ನನಗೆ ವಯಸ್ಸಾಗಿದೆ. ಸ್ಟಿಕ್ಕರುಗಳು ಉದುರಿವೆ, ಹೊಟ್ಟೆಯ ರಬ್ಬರು ಜಡವಾಗಿದೆ, ಒತ್ತಿದ ಗುಂಡಿ ಮೇಲೇಳಲು ಹೊತ್ತು ಹಿಡಿಯುತ್ತದೆ. ಮೇಜಿನ ಮೇಲೆ ಬೇರೆಯದು ಬಂದು, ನನ್ನನ್ನು ವಾಯರು ಸುತ್ತಿ ಅಟ್ಟದ ಮೇಲಿಟ್ಟಿದ್ದಾರೆ. ಒಂದು ಪಕ್ಕ ಖಾಲಿ ಮಸಿಯ ಡಬ್ಬಿ, ಇನ್ನೊಂದು ಪಕ್ಕ ಯಾರೂ ಒಯ್ಯದೆ ಉಳಿದ ಕಾರ್ಡಿನ ಕಟ್ಟುಗಳು. ಇಲ್ಲಿಂದ ನನಗೆ ಮನುಷ್ಯರು ಮೊದಲ ಸಲ ಮೇಲಿನಿಂದ ಕಾಣುತ್ತಾರೆ. ಕಸ್ತೂರಿಯ ಬೈತಲೆ ನರೆತಿರುವುದು ಕಾಣುತ್ತದೆ.

ತಪ್ಪು ಒಪ್ಪಿಕೊಂಡರೆ ಮನಸ್ಸು ಹಗುರಾಗುತ್ತದೆ ಎಂದು ಈ ಪ್ರೆಸ್ಸಿನಲ್ಲಿ ಕುಳಿತು ಹೋದ ಎಷ್ಟೋ ಜನ ಹೇಳಿದ್ದನ್ನು ಕೇಳಿದ್ದೇನೆ. ಆಕೆಯ ಬೆರಳನ್ನು ಬಲ್ಲ ನಾನು ಅದನ್ನು ಪೂರ್ತಿ ನಂಬಲಾರೆ. ಈಗಲೂ ಟೈಪಿನಲ್ಲಿ ಅವಳಷ್ಟು ಚುರುಕಾದವರು ಈ ಬೀದಿಯಲ್ಲಿಲ್ಲ. ಆದರೆ ಮುದಿ ಗಿರಾಕಿಯೊಬ್ಬರು ಪಕ್ಕದಲ್ಲಿ ಬಂದು ಕುಳಿತರೆ ಸಾಕು, ಆ ಸದ್ದು ನಿಧಾನವಾಗುತ್ತದೆ. ದನಿ ಮೆತ್ತಗಾಗುತ್ತದೆ. ಯಾರೂ ಕೇಳದಿದ್ದರೂ "ನೀವೂ ಒತ್ತಿ ನೋಡ್ರಿ" ಎನ್ನುತ್ತಾಳೆ. ಅವರು ಬೇಡವೆಂದರೆ ಅವಳ ಮುಖ ಬಾಡುತ್ತದೆ. ಆಕೆ ಒಳ್ಳೆಯವಳಾದಳೋ, ಬರೀ ಅಳುಕಿದವಳಾದಳೋ, ನನಗೆ ತಿಳಿಯದು. ಆಕೆಗಾದರೂ ತಿಳಿದಿದೆ ಎಂದು ನನಗನ್ನಿಸುವುದಿಲ್ಲ.