ಪಕ್ಕದ ಕಿಟಕಿ

ಬೆಳಿಗ್ಗೆ ಅಕ್ಷರಾ ಹಲ್ಲುಜ್ಜುತ್ತ ಪಡಸಾಲೆಗೆ ಬಂದಾಗ ಅವಳ ಅಪ್ಪ ಆಸ್ಟ್ರಿಯಾದಲ್ಲಿ ಎಕ್ಸ್‌ಪ್ರೆಸ್ ರೈಲು ಓಡಿಸುತ್ತಿದ್ದರು.

ಟೀವಿಯ ತುಂಬ ಎಂಜಿನ್ನಿನ ಮುಂಗಾಜು. ಅದರಾಚೆ ಎರಡು ಹಳಿಗಳು ಹಿಮದ ನಡುವಿನಿಂದ ಓಡಿಬಂದು ಟೀವಿ ಸ್ಟ್ಯಾಂಡಿನೊಳಗೆ ಇಳಿದುಹೋಗುತ್ತಿದ್ದವು. ಗುಂಡಪ್ಪ ಮಫ್ಲರ್ ಸುತ್ತಿಕೊಂಡು ಸೋಫಾದ ತುದಿಯಲ್ಲಿ ಕೂತಿದ್ದರು. ದೂರದಲ್ಲೊಂದು ದೀಪ ಕಂಡದ್ದೇ ಬಲಗೈ ಎತ್ತಿ ಕೂಗಿದರು: "ಹಸರ!"

ಅಡುಗೆಮನೆಯಿಂದ ಒಗ್ಗರಣೆಯ ಸದ್ದಿನ ಮೇಲೆ ನೀಲಾಂಬಿಕಾಳ ದನಿ ಬಂತು. "ಹಸರ, ಹಸರ. ನಿಮ್ಮ ಚಹಾ ತಣ್ಣಗಾಗಾಕತ್ತೈತಿ."

ಗುಂಡಪ್ಪ ನಾಗ್ಪುರ–ಇಟಾರ್ಸಿ ದಾರಿಯಲ್ಲಿ ರೈಲು ಓಡಿಸುತ್ತಿದ್ದ ಲೋಕೋ ಪೈಲಟ್. ನಿವೃತ್ತರಾಗಿ ನಾಗ್ಪುರದ ಪ್ರತಾಪ ನಗರದ ಈ ಫ್ಲ್ಯಾಟಿಗೆ ಬಂದಮೇಲೆಯೂ ಅವರ ಅಭ್ಯಾಸಗಳು ನಿವೃತ್ತವಾಗಿರಲಿಲ್ಲ. ಎಂಜಿನ್ನಿನಲ್ಲಿ ಪೈಲಟ್ ಸಿಗ್ನಲ್ಲಿನ ಬಣ್ಣ ಕೂಗಿ ಹೇಳಬೇಕು, ಪಕ್ಕದಲ್ಲಿರುವ ಸಹಾಯಕ ಅದನ್ನು ತಿರುಗಿ ಕೂಗಬೇಕು. ಈಗ ಸಹಾಯಕ ಇಲ್ಲದ್ದರಿಂದ ಆ ಕೆಲಸ ನೀಲಾಂಬಿಕಾಳಿಗೆ ಬಂದಿತ್ತು. ಆಕೆ ಗಾಂಧಿಬಾಗ್‌ನ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು. ಬಣ್ಣ ನೋಡದೆಯೇ ಠಸ್ಸೆ ಒತ್ತಿದ ಹಾಗೆ ಹಸಿರು ಎಂದುಬಿಡುತ್ತಿದ್ದಳು.

ಇದಕ್ಕೆಲ್ಲ ಕಾರಣ ಅಕ್ಷರಾಳೇ. ಸದರ್‌ನ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತಿದ್ದ ಅವಳು ಬೇಸಿಗೆಯಲ್ಲಿ ಅಪ್ಪ–ಅವ್ವನನ್ನು ಯುರೋಪಿಗೆ ಕರೆದೊಯ್ಯುವ ಯೋಜನೆ ಹಾಕಿದ್ದಳು. ಟೂರಿನವರ ಬಸ್ಸು ಬೇಡ, ದಿನಕ್ಕೊಂದು ಹೋಟೆಲೂ ಬೇಡ. ಮೊದಲು ವಿಯೆನ್ನಾದಲ್ಲಿ ಒಂದು ಮನೆ, ಆಮೇಲೆ ಪ್ರಾಗ್‌ನಲ್ಲಿ ಒಂದು ಮನೆ. ಬೆಳಿಗ್ಗೆ ಚಪಾತಿ ಕಟ್ಟಿಕೊಂಡು ರೈಲು ಹತ್ತುವುದು, ಯಾವುದಾದರೂ ಊರು ನೋಡಿ ಸಂಜೆ ಅದೇ ಮನೆಗೆ ಬಂದು ಅನ್ನ ಮಾಡುವುದು.

ಗುಂಡಪ್ಪ ಕೇಳಿದ ತಕ್ಷಣ ಒಪ್ಪಿಕೊಂಡಿದ್ದರು. "ಬರೋಬರ್. ವಿಯೆನ್ನಾ ಹೆಡ್‌ಕ್ವಾರ್ಟರ್. ಡ್ಯೂಟಿ ಮುಗಿಸಿ ಹೆಡ್‌ಕ್ವಾರ್ಟರಿಗೆ ವಾಪಸ್. ನಮ್ಮ ರೇಲ್ವೇದವರ ಪದ್ಧತಿನ ಇದು."

ಆದರೆ ರೈಲ್ವೆಯವರಿಗೆ ಇನ್ನೊಂದು ಪದ್ಧತಿಯೂ ಇದೆ. ಗೊತ್ತಿಲ್ಲದ ದಾರಿಯಲ್ಲಿ ಯಾವ ಪೈಲಟ್ಟೂ ಗಾಡಿ ಓಡಿಸುವಂತಿಲ್ಲ. ಮೊದಲು ಬೇರೆ ಪೈಲಟ್ಟಿನ ಪಕ್ಕದಲ್ಲಿ ನಿಂತು ಕೆಲವು ಸಲ ಹೋಗಿಬಂದು, ಎಲ್ಲಿ ಏರು, ಎಲ್ಲಿ ತಿರುವು, ಯಾವ ಸಿಗ್ನಲ್ಲು ಯಾವ ಮರದ ಹಿಂದೆ ಎಂದು ಕಲಿಯಬೇಕು. ಕಲಿತೆ ಎಂದು ಸಹಿ ಹಾಕಿದ ಮೇಲೆಯೇ ಗಾಡಿ ಕೈಗೆ. ಅದಕ್ಕೆ ರೋಡ್ ಲರ್ನಿಂಗ್ ಎನ್ನುತ್ತಾರೆ. ಗುಂಡಪ್ಪನಿಗೆ ತಾನು ಆ ದೇಶಕ್ಕೆ ಸುಮ್ಮನೆ ಕೂತು ಹೋಗುವ ಪ್ರಯಾಣಿಕ ಎಂಬುದು ಹೊಳೆಯಲೇ ಇಲ್ಲ. ಎಂಜಿನ್ನಿನ ಮುಂದೆ ಕ್ಯಾಮೆರಾ ಇಟ್ಟು ತೆಗೆದ ಗಂಟೆಗಟ್ಟಲೆ ವಿಡಿಯೊಗಳು ಯೂಟ್ಯೂಬಿನಲ್ಲಿವೆ ಎಂದು ಗೊತ್ತಾದ ಮೇಲೆ ಕಲಿಯಲು ಕೂತರು. ವಿಯೆನ್ನಾದಿಂದ ಸಾಲ್ಟ್ಸ್‌ಬರ್ಗ್ ಆಯಿತು, ಮೆಲ್ಕ್ ಆಯಿತು, ಬ್ರಾಟಿಸ್ಲಾವಾ ಆಯಿತು. ಈಗ ಸೆಮರಿಂಗ್ ಘಾಟಿ ನಡೆದಿತ್ತು.

ಅಂದು ತಿಂಡಿಗೆ ಕೂತಾಗ ನೀಲಾಂಬಿಕಾ ಅವಲಕ್ಕಿಯ ತಟ್ಟೆ ಮುಂದಿಟ್ಟು, "ಅಕ್ಷೂ, ನನ್ನ ಟಿಕೆಟ್ ತಗೀಬ್ಯಾಡ" ಎಂದಳು.

"ಅವ್ವಾ, ಏನಾತು? ಕಾಲ್ ನೋವೇನು?"

"ಕಾಲು ಚಲೋ ಅದಾವು. ನಾ ಬರಂಗಿಲ್ಲ, ಅಷ್ಟ. ನೀವಿಬ್ರೂ ಹೋಗಿ ಬರ್ರಿ."

ಗುಂಡಪ್ಪ ಟೀವಿ ನಿಲ್ಲಿಸಿದರು. ರೈಲು ಒಂದು ಸೇತುವೆಯ ಮೇಲೆ ಸ್ತಬ್ಧವಾಯಿತು. "ಯಾಕ ನೀಲಾ? ಎಲ್ಲಾ ತಯಾರಿ ನಾ ಮಾಡಾಕತ್ತೀನಿ. ನೀ ಬರೇ ಕುಂತ ಬರೂದೈತಿ."

"ಅದಕ್ಕ ಬರಂಗಿಲ್ಲ." ನೀಲಾಂಬಿಕಾ ನಿಂಬೆಹಣ್ಣು ಹಿಂಡುತ್ತ ಹೇಳಿದಳು. "ಮದುವಿ ಮಾಡ್ಕೊಂಡ ಗದಗದಿಂದ ಬರೂ ಮುಂದ ವರ್ಧಾ ದಾಟಿದ ಮ್ಯಾಲೆ ಏನ ಮಾಡಿದ್ರಿ, ನೆನಪೈತೇನು? ಈಗ ಸೇತುವಿ ಬರ್ತೈತಿ ನೋಡು, ಈಗ ಫಾಟಕ ಬರ್ತೈತಿ ನೋಡು, ಈಗ ಗಾಡಿ ಎಡಕ್ಕ ಹೊಳ್ಳತೈತಿ ನೋಡು. ನಾನು ಹೊಸಾ ಊರಿಗೆ ಬರಾಕತ್ತಿದ್ನೆಪಾ. ಒಂದರೆ ನಾನಾಗೇ ನೋಡಾಕ ಬಿಟ್ಟ್ರೇನು? ಆವಾಗಿಂದ ಎಲ್ಲೆ ಹೋದ್ರೂ ಹಂಗ. ಮ್ಯಾಲಿನ ಬರ್ತಿನ್ಯಾಗ ಕಣ್ಣ ಮುಚ್ಚಿ ಮಲಗಿದ್ರೂ ಸಪ್ಪಳದ ಮ್ಯಾಲೆ ಹೇಳತಾರ, ಈಗ ನದಿ ಬಂತು ಅಂತ. ಪೋಸ್ಟಿನ್ಯಾಗ ಕುಂತು ಎಷ್ಟು ದೇಶದ ಪಾರ್ಸೆಲ್ ತೂಗೀನಿ ನಾ. ಈ ಊರು ಹ್ಯಾಂಗಿರಬಹುದು, ಈ ಓಣಿ ಹ್ಯಾಂಗಿರಬಹುದು ಅನಕೋತ. ಈಗ ಒಮ್ಮೆ ಹೋಗಾಕ ಸಿಕ್ಕೈತಿ ಅಂದ್ರ, ಇವರು ಆಗಲೇ ಎಲ್ಲಾ ನೋಡಿ ಮುಗಿಸ್ಯಾರ. ಎಂಜಲಾ ಮಾಡಿಟ್ಟಾರ ನನ್ನ ಮುಂದಿಂದನ್ನ."

ಅಕ್ಷರಾಳಿಗೆ ನಗು ಬಂತು, ಆದರೆ ಅವ್ವ ನಗಲಿಲ್ಲ. ರಜೆಯ ಅರ್ಜಿ ಸೋಮವಾರ ಕೊಡಬೇಕು, ವಿಮಾನದ ಟಿಕೆಟ್ಟನ್ನೂ ಅಷ್ಟರೊಳಗೆ ತೆಗೆಯಬೇಕು. ಅವಳು ಉಪಾಯ ಹುಡುಕಿದಳು. ವಿಡಿಯೊ ಇಲ್ಲದ ಊರುಗಳಿಗೆ ಹೋದರೆ? ಒಂದೊಂದು ಊರಿನ ಹೆಸರು ಹೇಳಿದ ಹಾಗೆಲ್ಲ ಗುಂಡಪ್ಪ ಅದರ ವಿಡಿಯೊ ಹುಡುಕಿ ತೆಗೆದರು. ರೈಲು ಬಿಟ್ಟು ಟ್ರಾಮಿನಲ್ಲಿ ಅಡ್ಡಾಡಿದರೆ? ಸಂಜೆಯ ಹೊತ್ತಿಗೆ ಅಪ್ಪ ವಿಯೆನ್ನಾದ ಟ್ರಾಮೊಂದನ್ನು ಮಳೆಯಲ್ಲಿ ಓಡಿಸುತ್ತಿದ್ದರು.

ಶನಿವಾರ ಮಧ್ಯಾಹ್ನ ನೀಲಾಂಬಿಕಾ ಬಟಾಣಿ ಸುಲಿಯಲು ಪಡಸಾಲೆಗೆ ಬಂದು ಕೂತಳು. ಟೀವಿಯಲ್ಲಿ ಮತ್ತೆ ಸೆಮರಿಂಗ್. ನೋಡಬಾರದು ಎಂದು ತಲೆ ತಗ್ಗಿಸಿಯೇ ಇದ್ದಳು. ಆದರೂ ಕಣ್ಣು ಹೋಯಿತು.

"ಆ ಹೆಂಗಸು ಯಾಕ ಅಷ್ಟ ಛಳಿಯೊಳಗ ಬಟ್ಟಿ ಒಣಾ ಹಾಕಾಕತ್ತಾಳ?"

"ಯಾವ ಹೆಂಗಸು?" ಎಂದರು ಗುಂಡಪ್ಪ.

"ಈಗ ಹೋತಲ್ಲ, ಎಡಗಡೆ. ಹಳದಿ ಮನಿ."

"ಅಲ್ಲೆ ಮನಿ ಇಲ್ಲ. ಅಲ್ಲೆ ತಿರುವೈತಿ."

ಅಕ್ಷರಾ ರಿಮೋಟ್ ಕಸಿದುಕೊಂಡು ಹಿಂದಕ್ಕೆ ಓಡಿಸಿದಳು. ಪರದೆಯ ಎಡ ಅಂಚಿನಲ್ಲಿ, ರೆಪ್ಪೆ ಬಡಿಯುವಷ್ಟು ಹೊತ್ತು, ಒಂದು ಹಳದಿ ಮನೆಯಿತ್ತು. ಮಾಳಿಗೆಯ ಕಟಾಂಜನದ ಹತ್ತಿರ ಒಬ್ಬ ಹೆಂಗಸು ಬಿಳಿಯ ಚಾದರವೊಂದನ್ನು ಕೊಡವುತ್ತಿದ್ದಳು.

ಗುಂಡಪ್ಪ ಎದ್ದು ಟೀವಿಯ ಹತ್ತಿರ ಹೋದರು. ಈ ವಿಡಿಯೊವನ್ನು ಅವರು ಎಷ್ಟು ಸಲ ನೋಡಿದ್ದರೋ. ಪರದೆಗೆ ಮೂಗು ತಾಗುವಷ್ಟು ಬಗ್ಗಿ ಚಾದರವನ್ನು ನೋಡಿದರು, ಯಾರೋ ಈಗಷ್ಟೇ ತಂದು ಅಂಟಿಸಿದ್ದಾರೇನೋ ಎಂಬಂತೆ.

"ಅಪ್ಪಾ," ಎಂದಳು ಅಕ್ಷರಾ. ಅವಳ ತಲೆಯಲ್ಲಿ ಏನೋ ಕುತೂಹಲ ಹೆಡೆಯೆತ್ತಿತ್ತು. "ನಮ್ಮ ಘಾಟಿ ನಿಮಗ ಪೂರಾ ಗೊತ್ತಲ್ಲ? ಬೈತೂಲ್ ಆಚೆ, ಧಾರಾಖೋಹ್."

"ಕಣ್ಣ ಕಟ್ಟಿ ಬಿಟ್ರೂ ಗಾಡಿ ಇಳಿಸ್ತೀನಿ."

"ಬೋಗದಾ ದಾಟಿದ ಮ್ಯಾಲೆ ಎಡಗಡೆ ಏನೈತಿ?"

"ಸ್ಪೀಡ್ ಬೋರ್ಡ್."

"ಅದರ ಹಿಂದ?"

"ಹಿಂದ… ಗುಡ್ಡ."

"ಗುಡ್ಡದಾಗ?"

ಗುಂಡಪ್ಪ ಕಣ್ಣು ಮುಚ್ಚಿ ನೋಡಿದರು. ಅವರ ಮುಂದೆ ಆ ದಾರಿಯ ಪ್ರತಿ ಕಂಬವೂ ನಿಂತಿತ್ತು. ಕಂಬಗಳ ಆಚೆ ಏನೂ ಇರಲಿಲ್ಲ. ನಿಲ್ದಾಣ ಬಂದಾಗ ಹಸಿರು ಬಾವುಟಕ್ಕಾಗಿ ತಲೆ ಹೊರಗೆ ಹಾಕಿದ್ದು ಬಿಟ್ಟರೆ ಅವರು ಸೇವೆಯುದ್ದಕ್ಕೂ ಪಕ್ಕಕ್ಕೆ ನೋಡಿದವರಲ್ಲ. ನೋಡಬಾರದು ಎಂದೇ ಅವರಿಗೆ ಸಂಬಳ ಕೊಡುತ್ತಿದ್ದರು.

"ನಾಳೆ ಹೋಗೂಣು," ಎಂದಳು ಅಕ್ಷರಾ. "ನಾಗ್ಪುರನ ನಮ್ಮ ವಿಯೆನ್ನಾ. ಬೆಳಿಗ್ಗೆ ಹೋಗಿ ಸಂಜೀಗೆ ವಾಪಸ್. ಅಪ್ಪಾ, ಒಂದ ಷರತ್ತು. ಮುಂದ ಏನ ಬರ್ತೈತಿ ಅಂತ ನೀವು ಬಾಯಿ ಬಿಡಬಾರದು."

"ಬಾಯಿ ಬಿಡ್ಲಿಲ್ಲ ಅಂದ್ರ?" ಗುಂಡಪ್ಪ ಕೇಳಿದ್ದು ಹೆಂಡತಿಯನ್ನು.

ನೀಲಾಂಬಿಕಾ ಬಟಾಣಿಯೊಂದನ್ನು ಬಾಯಿಗೆ ಹಾಕಿಕೊಂಡಳು. "ಆವಾಗ ನೋಡೂಣು. ನಿಮ್ಮ ಕೈಲೆ ಆಗಂಗಿಲ್ಲ ಬಿಡ್ರಿ."

ಭಾನುವಾರದ ರೈಲಿನಲ್ಲಿ ಗಾಡಿ ಹೋಗುವ ಕಡೆ ಮುಖಮಾಡಿದ ಕಿಟಕಿಯನ್ನು ನೀಲಾಂಬಿಕಾ ಹಿಡಿದಳು. ಎದುರಿನ ಕಿಟಕಿ ಗುಂಡಪ್ಪನಿಗೆ, ಎಂಜಿನ್ನಿಗೆ ಬೆನ್ನು ಹಾಕಿ. ಹೀಗೆ ಅವರು ಎಂದೂ ಕೂತವರಲ್ಲ. ಎಲ್ಲವೂ ಬೆನ್ನ ಹಿಂದಿನಿಂದ ಬಂದು, ಆಗಿಹೋದ ಮೇಲೆಯೇ ಕಾಣುತ್ತಿತ್ತು. ಊರು ದಾಟುವಷ್ಟರಲ್ಲಿ ಮುಖ ಬೆವೆತಿತ್ತು.

"ತಲಿ ತಿರಗತೈತೇನ್ರಿ?" ಎಂದಳು ನೀಲಾಂಬಿಕಾ.

"ಇಲ್ಲಪಾ. ಹಿಂದ ಹಿಂದ ಹೊಂಟಂಗ ಆಗತೈತಿ, ಅಷ್ಟ."

ಸ್ವಲ್ಪ ಹೊತ್ತಿಗೆ ಚಕ್ರದ ಸದ್ದು ಬದಲಾಯಿತು. "ಈಗ ನರಖೇಡ—" ಎಂದವರು ಹೆಂಡತಿಯ ಮುಖ ನೋಡಿ ಜೋರಾಗಿ ಕೆಮ್ಮಿದರು.

"ಏನಂದ್ರಿ?"

"ನನಗ ಕೆಮ್ಮ ಬಂತು."

"ಕೆಮ್ಮಿಗೆ ನರಖೇಡ ಅಂತಾರೇನು?"

ಅಕ್ಷರಾ ಕಿತ್ತಳೆ ಸುಲಿದು ಅಪ್ಪನ ಬಾಯಿಗೆ ಇಟ್ಟಳು. ಆಮೇಲೆ ಪ್ರತಿ ನಿಲ್ದಾಣಕ್ಕೂ ಮೊದಲು ಅವರೇ ಒಂದು ತೊಳೆ ಬಾಯಿಗೆ ಹಾಕಿಕೊಳ್ಳತೊಡಗಿದರು. ಪಾಂಢುರ್ಣಾದಲ್ಲಿ ಮತ್ತೆ ಕಿತ್ತಳೆ ಕೊಳ್ಳಬೇಕಾಯಿತು.

ಬೈತೂಲ್ ದಾಟಿ ಘಾಟಿ ಶುರುವಾದಾಗ ಗುಂಡಪ್ಪ ಎರಡೂ ಕೈಯಿಂದ ಸೀಟು ಹಿಡಿದಿದ್ದರು. ಬೋಗದೆ ಬರುವುದಿತ್ತು, ಅವರ ಮುಖದಲ್ಲಿ ಅದು ಬರುತ್ತಿರುವುದು ಕಾಣುತ್ತಿತ್ತು, ಆದರೆ ನೀಲಾಂಬಿಕಾ ಅವರ ಮುಖ ನೋಡುತ್ತಿರಲಿಲ್ಲ. ಒಮ್ಮೆಲೇ ಕತ್ತಲಾಯಿತು. "ಅಯ್ಯ!" ಎಂದು ಆಕೆ ಕೂಗಿದ್ದು, ಹಿಂದೆಯೇ ನಕ್ಕದ್ದು ಕತ್ತಲಲ್ಲಿ ಕೇಳಿಸಿತು. ಹಾಗೆ ಆಕೆ ಕೂಗಿದ್ದನ್ನು ಗುಂಡಪ್ಪ ಹಿಂದೆಂದೂ ಕೇಳಿರಲಿಲ್ಲ. ಯಾವ ಬೋಗದೆಯೂ ಅವರಿದ್ದಾಗ ಆಕೆಗೆ ಹೇಳದೆ ಬಂದಿರಲಿಲ್ಲ.

ಬೆಳಕು ಬಂತು. ಸ್ಪೀಡ್ ಬೋರ್ಡ್ ಹೋಯಿತು. ಅದರ ಹಿಂದೆ ಗುಡ್ಡವಿತ್ತು. ಗುಡ್ಡದ ಮಡಿಲಲ್ಲಿ ಆಲದ ಬೇರು ಅರ್ಧ ನುಂಗಿದ ಒಂದು ಪುಟ್ಟ ಗುಡಿ, ಕೇಸರಿ ಬಳಿದ ಕಲ್ಲು, ಅದರ ಮುಂದೆ ಕೊಡೆ ಹಿಡಿದು ಕೂತ ಮುದುಕ. ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ.

"ಇದ ಯಾವಾಗ ಆತು?" ಎಂದರು ಗುಂಡಪ್ಪ.

"ಆಲದ ಬೇರ ನೋಡ್ರಿ. ನೀವ ನೌಕ್ರಿಗೆ ಸೇರೂಕಿಂತ ಮೊದಲಿಂದ ಐತಿ."

ಗುಂಡಪ್ಪ ಗುಡಿ ದೂರ ದೂರ ಹೋಗುವುದನ್ನು ತಿರುವು ಮುಚ್ಚುವವರೆಗೂ ನೋಡಿದರು. ಬೆನ್ನು ಹಾಕಿ ಕೂತವರಿಗೆ ಮಾತ್ರ ಅದು ಅಷ್ಟು ಹೊತ್ತು ಕಾಣುತ್ತದೆ. "ಕೊಡಿ ಯಾಕ ಹಿಡಿದಿದ್ದ ಅಂವ?" ಎಂದು ಘಾಟಿಯಾಚೆಯ ಘೋಡಾಡೋಂಗ್ರಿಯಲ್ಲಿ ಇಳಿದಾಗ ಕೇಳಿದರು. ಮಾರುಕಟ್ಟೆಯ ಬದಿಯ ಕಟ್ಟೆಯ ಮೇಲೆ ಶೇಂಗಾ ಚಟ್ನಿ ಹಚ್ಚಿಕೊಂಡು ರೊಟ್ಟಿ ತಿನ್ನುವಾಗ ಮತ್ತೊಮ್ಮೆ ಕೇಳಿದರು. ಮಂಗ್ಯಾ ಇರಬೇಕು, ಮೇಲಿಂದ ಏನಾದರೂ ಒಗೆಯುತ್ತಿರಬೇಕು ಎಂದಳು ಅಕ್ಷರಾ. ಹಕ್ಕಿಯ ಹಿಕ್ಕೆ ಎಂದಳು ನೀಲಾಂಬಿಕಾ. ಗುಂಡಪ್ಪನಿಗೆ ಎರಡೂ ಪೂರ್ತಿ ಒಪ್ಪಿಗೆಯಾಗಲಿಲ್ಲ.

ವಾಪಸ್ ಬರುವಾಗ, ಮುಲ್ತಾಯಿ ದಾಟಿದ ಮೇಲೆ, ರೈಲು ಹೊಲಗಳ ನಡುವೆ ನಿಂತುಬಿಟ್ಟಿತು.

"ಯಾಕ ನಿಂತ್ತು?" ಗುಂಡಪ್ಪ ಎದ್ದು ಬಾಗಿಲಿಗೆ ಹೋಗಿ ಬಗ್ಗಿದರು. ಗಾಡಿ ತಿರುವಿನಲ್ಲಿತ್ತು, ಮುಂದಿನದು ಏನೂ ಕಾಣಲಿಲ್ಲ. ತಿರುಗಿ ಬಂದು ಕೂತರು, ಮತ್ತೆ ಎದ್ದರು. "ಇಲ್ಲೆ ನಿಲ್ಲೂ ಜಾಗಾನ ಅಲ್ಲ ಇದು. ಏನೋ ಆಗೇತಿ." ಕಿಸೆಯಿಂದ ಫೋನ್ ತೆಗೆದರು. ರೈಲ್ವೆಯ ಕಂಟ್ರೋಲ್ ರೂಮಿನಲ್ಲಿ ಹಯವದನನೆಂಬ ಹಳೆಯ ಗೆಳೆಯ ಇನ್ನೂ ಡ್ಯೂಟಿಯಲ್ಲಿದ್ದ. ಒಂದು ಕರೆ ಮಾಡಿದರೆ ಯಾಕೆ ನಿಂತಿದೆ, ಯಾವಾಗ ಬಿಡುತ್ತದೆ, ಎದುರಿನಿಂದ ಏನು ಬರುತ್ತಿದೆ, ಎಲ್ಲ ತಿಳಿಯುತ್ತಿತ್ತು.

ನೀಲಾಂಬಿಕಾ ಫೋನನ್ನು ನೋಡಿದಳು. ಮುಖ ಕಿಟಕಿಯ ಕಡೆ ತಿರುಗಿಸಿದಳು. ಅಕ್ಷರಾ ಮನಸ್ಸಿನಲ್ಲೇ ವಿಯೆನ್ನಾದ ಒಂದು ಟಿಕೆಟ್ ಹೊಡೆದುಹಾಕಿದಳು.

"ಅಲ್ನೋಡು ಅಕ್ಷೂ," ಎಂದಳು ನೀಲಾಂಬಿಕಾ. "ಬಾವಿಯೊಳಗ ಏನೋ ಬಿದ್ದೈತಿ."

ಹೊಲದ ನಡುವೆ ಒಂದು ಬಾವಿ. ಮೂವರು ಗಂಡಸರು ಅದರೊಳಗೆ ಬಗ್ಗಿ ನೋಡುತ್ತಿದ್ದರು. ಹಸಿರು ಸೀರೆಯ ಹೆಂಗಸೊಬ್ಬಳು ಹಗ್ಗ ಎಳೆದುಕೊಂಡು ಬರುತ್ತಿದ್ದಳು.

ಗುಂಡಪ್ಪ ಫೋನಿನಲ್ಲಿ ಹೆಸರು ಹುಡುಕುತ್ತಿದ್ದವರು ತಲೆಯೆತ್ತಿದರು. "ಎಲ್ಲೆ?"

"ಅಲ್ಲೆ, ಜ್ವಾಳದ ಆಚಿಗೆ."

"ಮೋಟರ್ ಬಿದ್ದಿರಬೇಕು."

"ಮೋಟರ್ ಬಿದ್ರ ಹಂಗ್ಯಾಕ ನಗತಾರ? ಅಂವ ನೋಡ್ರಿ, ಹೊಟ್ಟಿ ಹಿಡ್ಕೊಂಡ ನಗಾಕತ್ತಾನ."

"ಹೌದಲ್ಲ." ಗುಂಡಪ್ಪ ಫೋನನ್ನು ಕಿಸೆಗೆ ತುರುಕಿ ಕಿಟಕಿಯ ಸರಳಿಗೆ ಹಣೆ ಒತ್ತಿದರು. "ಆಡು ಬಿದ್ರನೂ ನಗಂಗಿಲ್ಲ. ಮನಿಶ್ಯಾನ ಇರಬೇಕು. ಕುಡದ ಬಿದ್ದಾನ ಯಾಂವೋ."

"ಆಕಿ ಗಂಡನ ಇರಬೇಕು," ಎಂದಳು ನೀಲಾಂಬಿಕಾ. "ಹಗ್ಗಾ ಒಗದ ರೀತಿ ನೋಡ್ರಿ."

ಹಗ್ಗ ಬಾವಿಯೊಳಗೆ ಇಳಿಯಿತು. ನಾಲ್ವರೂ ಸಾಲಾಗಿ ನಿಂತು ಎಳೆಯತೊಡಗಿದರು. ಬೋಗಿಯ ಈ ಬದಿಯವರೆಲ್ಲ ಕಿಟಕಿಗೆ ಬಂದಿದ್ದರು. ಹಗ್ಗ ಬಿಗಿಯಾಯಿತು, ಹೆಂಗಸು ಹಿಂದಕ್ಕೆ ವಾಲಿದಳು, ಬಾವಿಯ ಅಂಚಿನಲ್ಲಿ ಏನೋ ಕಪ್ಪಗೆ ಕಂಡಿತು. ಅಷ್ಟರಲ್ಲಿ ರೈಲು ಒಮ್ಮೆ ಅದುರಿ ಹೊರಟಿತು.

"ಏ, ತಡಿಯೋ!" ಎಂದು ಗುಂಡಪ್ಪ ಕೂಗಿದರು. ಯಾವ ಪೈಲಟ್ಟಿಗೂ ಅವರು ಹಾಗೆ ಅಂದದ್ದಿಲ್ಲ. ಕುತ್ತಿಗೆ ತಿರುಚಿ, ಸರಳಿಗೆ ಕೆನ್ನೆ ಒತ್ತಿ ನೋಡಿದರು. ಜೋಳದ ಹೊಲ ಅಡ್ಡ ಬಂತು. "ಬಂತೋ ಇಲ್ಲೋ ಮ್ಯಾಲೆ? ಏನಿತ್ತ ಅದು? ನೀಲಾ, ನಿನಗ ಕಾಣಿಸ್ತೇನು?"

"ಇಲ್ಲ."

"ಹಂಗಾರ ಗೊತ್ತ ಆಗೂದ ಹ್ಯಾಂಗ?"

"ಗೊತ್ತ ಆಗಂಗಿಲ್ಲ." ನೀಲಾಂಬಿಕಾ ನಗುತ್ತ ಸೆರಗಿನಿಂದ ಕಿಟಕಿಯ ಧೂಳು ಅಂಟಿದ್ದ ಅವರ ಹಣೆ ಒರೆಸಿದಳು. ಆಮೇಲೆ ಮಗಳ ಕಡೆ ತಿರುಗಿದಳು. "ಮೂರೂ ಟಿಕೆಟ್ ತಗಿ. ಇವರ ವಿಡಿಯೋ ಬಂದ್ ಮಾಡಬ್ಯಾಡ, ಪಾಪ, ನೋಡ್ಲಿ. ಇವರಿಗೆ ಅದರಾಗ ಏನೂ ಕಂಡೇ ಇಲ್ಲ."

ಗುಂಡಪ್ಪ ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಪರಿಚಿತನನ್ನು ಅವರು ಹಿಂದಿಯಲ್ಲಿ ಕೇಳುತ್ತಿದ್ದರು, ಬಾವಿಯಿಂದ ಬಂದದ್ದಕ್ಕೆ ಕೊಂಬು ಇದ್ದವೇ ಎಂದು.