ಭಂಡಾರದ ವೋಟು

"ಏ ನಗರಸೇವಕಿ! ಪುಟ್ಟಿ ಯಾರು ಎತ್ತಬೇಕು, ನಿಮ್ಮಪ್ಪನಾ?"

ಕೂಲಿಗಳ ಮುಕಾದಮ ಮಧುಕರ್ ಕೂಗಿದ ಈ ಮಾತಿಗೆ ಸ್ಲ್ಯಾಬಿನ ಮೇಲಿದ್ದವರೆಲ್ಲ ನಕ್ಕರು. ನಗದಿದ್ದರೆ ಹಾಜರಿ ಹಾಕುತ್ತಿರಲಿಲ್ಲ. ರುದ್ರವ್ವ ಸಿಂಬಿ ಸರಿಮಾಡಿಕೊಂಡು ಕಾಂಕ್ರೀಟಿನ ಪುಟ್ಟಿ ತಲೆಗೇರಿಸಿದಳು. ನಿನ್ನೆಯಷ್ಟೇ ಪಾಲಿಕೆ ಚುನಾವಣೆಗೆ ಅರ್ಜಿ ಕೊಟ್ಟು ಬಂದಿದ್ದಳು. ಉಮೇದುವಾರಳಾದ ಮಾತ್ರಕ್ಕೆ ಕಾಂಕ್ರೀಟಿನ ಭಾರವೇನೂ ಇಳಿದಿರಲಿಲ್ಲ.

"ವಾರ್ಡಿನಾಗ ಎಷ್ಟು ಬಿಲ್ಡಿಂಗ್ ಅವ, ಗೊತ್ತದ ಏನಲೇ ನಿನಗ?"

"ಗೊತ್ತದ. ಅರ್ಧ ನಾವೇ ಕಟ್ಟೀವಿ."

"ಕಟ್ಟಿದ ರಂಡೇರು ಹೊರಗಿರ್ತಾರ. ವೋಟು ಒಳಗಿರವ್ರದು. ನಡಿ, ಮಾಲು ಒಣಗಲಿಕ್ಕತ್ತದ."

ಭೋಸರಿ ದಾಟಿ ಚಾಕಣದ ದಿಕ್ಕಿಗೆ ಪುಣೆ ಬೆಳೆಯುತ್ತಿತ್ತು. ಇಟಲಿಯ ಊರುಗಳ ಹೆಸರಿಟ್ಟುಕೊಂಡ ಟವರುಗಳು ಸಾಲಾಗಿ ಎದ್ದಿದ್ದವು. ಅವುಗಳ ಬೆನ್ನಿಗೆ ತಗಡಿನ ಶೆಡ್ಡುಗಳು. ಶೆಡ್ಡುಗಳಲ್ಲಿ ಯಾದಗಿರಿ, ಕಲಬುರಗಿ ಕಡೆಯ ಜನ. ಶೆಡ್ಡಿನ ನೆಲ ವಾರ್ಡಿನ ನಗರಸೇವಕ ಸರ್ಜೇರಾವ್ ದಾದಾನದು. ನೀರಿನ ಟ್ಯಾಂಕರು ಅವನದು, ಕಲ್ಲು ಮರಳು ಅವನದು. ಅವರಿಗೆ ಮತದಾರರ ಕಾರ್ಡು ಮಾಡಿಸಿಕೊಟ್ಟವನೂ ಅವನೇ. ಹೀಗಾಗಿ ಅವರಿಗೆಲ್ಲ ವಿಳಾಸವಿತ್ತು, ಮನೆ ಇರಲಿಲ್ಲ.

ಓಣಿಯ ಕೊನೆಗೆ ಗಟಾರಿನ ಚೇಂಬರು, ಆಳದ ಗುಂಡಿ. ಅದನ್ನು ದಾಟಿದರೆ ಬಯಲು. ಹೆಂಗಸರು, ಮಕ್ಕಳು ಚೆಂಬು ಹಿಡಿದು ಹೋಗುವ ಜಾಗ. ಚೇಂಬರಿಗೆ ಮುಚ್ಚಳವಿರಲಿಲ್ಲ. ರುದ್ರವ್ವನ ಗಂಡ ಶಿವಪುತ್ರಪ್ಪ ಒಮ್ಮೆ ಸೈಟಿನಿಂದ ಸ್ಲ್ಯಾಬಿನಡಿ ಹಾಸುವ ಸೆಂಟ್ರಿಂಗ್ ಹಲಗೆ ತಂದು ಮುಚ್ಚಿದ್ದ. ಮಧುಕರ್ ಬಂದು, "ಕಳ್ಳ ಭಾಡ್ಯಾ, ಸಾಹೇಬರ ಮಾಲಿನ ಮ್ಯಾಲೆ ಹೇಲಲಿಕ್ಕೆ ಹೋಗ್ತೀರೇನಲೇ?" ಎಂದು ಅವನ ಕೈಯಿಂದಲೇ ಹಲಗೆ ತೆಗೆಸಿ, ಅವನ ತಲೆಯ ಮೇಲೆಯೇ ಹೊರಿಸಿ ಸೈಟಿಗೆ ಒಯ್ಯಿಸಿದ್ದ.

ಆಮೇಲಿನ ಮಳೆಗಾಲದಲ್ಲಿ ಓಣಿಯ ನೀರೂ ಚೇಂಬರಿನ ನೀರೂ ಒಂದೇ ಮಟ್ಟಕ್ಕೆ ಬಂದಾಗ, ಅವರ ಮಗಳು ಸ್ನೇಹಲ್ ಚೆಂಬು ಹಿಡಿದು ಹೋದವಳು ಬರಲಿಲ್ಲ. ಚೆಂಬು ಮಾತ್ರ ತೇಲುತ್ತಿತ್ತು. ಪುಣೆಯಲ್ಲೇ ಹುಟ್ಟಿದ ಮಗಳೆಂದು ಪುಣೆಯ ಹೆಸರನ್ನೇ ಹುಡುಕಿ ಇಟ್ಟಿದ್ದರು.

ದಾದಾ ಬಂದ. ಬಿಳಿ ಚಪ್ಪಲಿ ಕೆಸರಾಗದ ಜಾಗ ನೋಡಿ ನಿಂತ. ಮರಾಠಿಯಲ್ಲಿ ಏನೋ ಹೇಳಿದ. ಮಧುಕರ್ ಅದನ್ನು ಕನ್ನಡಕ್ಕೆ ಇಳಿಸಿದ: "ಕಬ್ಬಿಣದ ಮುಚ್ಚಳ ಹಾಕಿದ್ರ ನೀವೇ ಗುಜರಿಗೆ ಮಾರಿ ಕುಡೀತೀರಿ ಅಂತಾರ ದಾದಾ." ಮರುದಿನ ದಾದಾನ ಕಡೆಯವರು ಬಂದು ಒಂದು ಜಾಲಿ ಟೊಂಗೆಗೆ ಕೆಂಪು ಬಟ್ಟೆ ಕಟ್ಟಿ ಚೇಂಬರಿನಲ್ಲಿ ಸಿಕ್ಕಿಸಿ ಹೋದರು. ಪಾಲಿಕೆಯ ಮಟ್ಟಿಗೆ ಪ್ರಕರಣ ಮುಗಿಯಿತು.

ಚುನಾವಣೆ ಹತ್ತಿರವಾದಾಗ ವಾರ್ಡಿನ ಸ್ಥಾನ ಹೆಂಗಸರಿಗೆ ಮೀಸಲಾಯಿತು. ದಾದಾ ಸೊಸೆ ಪೂರ್ವಾಳನ್ನು ನಿಲ್ಲಿಸಿದ. ಫ್ಲೆಕ್ಸುಗಳಲ್ಲಿ ಸೊಸೆಯ ಮುಖ ತೆಂಗಿನಕಾಯಿಯಷ್ಟು, ಮಾವನದು ಬಾಗಿಲಿನಷ್ಟು. ಶೆಡ್ಡಿನವರಿಗೆಲ್ಲ ಬಸ್ಸು ಮಾಡಿ ಜೇಜುರಿಗೆ ಕರೆದೊಯ್ದ. ಅಲ್ಲಿಯ ಖಂಡೋಬಾ ಇವರ ಮೈಲಾರ ಮಲ್ಲಯ್ಯನೇ. ಬ್ಯಾಡ ಎನ್ನುವವರು ಯಾರು? ರುದ್ರವ್ವನೂ ಹೋದಳು. ಮಗಳ ಬಗ್ಗೆ ಮಲ್ಲಯ್ಯನನ್ನು ಒಂದು ಮಾತು ಕೇಳುವುದಿತ್ತು.

ಕೇಳಲು ಆಗಲಿಲ್ಲ. ದರ್ಶನ ಮುಗಿದದ್ದೇ ಎಲ್ಲರನ್ನೂ ಅಂಗಳದಲ್ಲಿ ಕೂರಿಸಿ ಬೊಗಸೆಗೆ ಭಂಡಾರ, ಮಲ್ಲಯ್ಯನ ಅರಿಶಿನ, ಸುರಿದರು. ಕೊಟ್ಟ ಭಂಡಾರವನ್ನು ಬೇಡವೆನ್ನುವ ಕೈ ಆ ಜನರಲ್ಲಿ ಹುಟ್ಟಿಲ್ಲ. ಅದನ್ನು ಹಾರಿಸಿ ಆಡಿದ ಮಾತು ದೇವರ ಆಣೆ. ಪೂಜಾರಿ ಮಂತ್ರ ಹೇಳಿದ. ಮಧುಕರ್ ಎದ್ದು ನಿಂತು, "ದಾದಾನ ಮನಿಗೇ ನಮ್ಮ ವೋಟು ಅಂತ ಹಾರಸ್ರಿ!" ಎಂದ. "ಏಳುಕೋಟಿಗೋ" ಎಂದು ಎಲ್ಲರ ಅರಿಶಿನ ಮೇಲೆ ಹಾರಿತು. ರುದ್ರವ್ವನದೂ ಹಾರಿತು. ಹಾರಿದ ಮೇಲೆ ಅವಳು ತನ್ನ ಕೈ ನೋಡಿಕೊಂಡಳು.

ಬಸ್ಸು ಹತ್ತುವಾಗ ದಾದಾನ ಮುಂದೆ ನಿಂತು ಮಧುಕರ್ ಕಡೆ ತಿರುಗಿದಳು. "ಅಣ್ಣಾರ, ಮುಚ್ಚಳ ಹಾಕಸ್ತಾರೇನಂತ ಕೇಳ್ರಿ."

ಮಧುಕರ್ ಕೇಳಿದ. ದಾದಾ ನಕ್ಕ. "ಭಂಡಾರಾ ಉಚಲ್ಲಾ ನಾ? ಝಾಲಂ ಮಗ."

"ಭಂಡಾರ ಹಾರ್ಸೀದಿಲ್ಲ? ವೋಟು ಬಂದಂಗೇ ಆತಲ್ಲ, ಇನ್ಯಾಕ ಮುಚ್ಚಳ ಅಂತಾರ," ಎಂದ ಮಧುಕರ್. ತಾನೂ ನಕ್ಕ.

ಆ ನಗೆಯ ಮಾರನೇ ವಾರ ರುದ್ರವ್ವ ಸ್ನೇಹಲ್‌ಳ ಕಾಲ್ಗೆಜ್ಜೆ ಮಾರಿ ಡಿಪಾಸಿಟ್ ಕಟ್ಟಿದಳು.

ಪ್ರಚಾರಕ್ಕೆ ಅವಳಲ್ಲಿ ಇದ್ದದ್ದು ಕಾಲು ಮಾತ್ರ. ಒಂದು ಟವರಿನಲ್ಲಿ ಲೀಲಾಕ್ಷಿ ಎಂಬವರು ಬಾಗಿಲು ತೆರೆದರು. ಮಂಗಳೂರು ಕಡೆಯವರು, ಗಂಡನದು ಎರಡು ಹೋಟೆಲು.

"ಹೌದಾ ಮಾರಾಯ್ತಿ, ಕನ್ನಡದವಳಾ ನೀನು? ನಮ್ಮ ಸಂಘಕ್ಕೆ ಗೊತ್ತಾದ್ರೆ ಎಷ್ಟು ಖುಷಿ ಗೊತ್ತುಂಟಾ! ಕನ್ನಡದವರು ಇಲೆಕ್ಷನ್‌ಗೆ ನಿಂತದ್ದು!" ರುದ್ರವ್ವನ ಮುಖ ಅರಳುವಷ್ಟರಲ್ಲಿ ಅವರು ದನಿ ತಗ್ಗಿಸಿದರು. "ಸೋತ್ರೆ ಬಾ, ಆಯ್ತಾ? ಪಾತ್ರೆಗೆ ಜನ ಇಲ್ಲ ನಮ್ಗೆ. ಮರಾಠಿಯವ್ರ ಹತ್ರ ಮಾತಾಡಿ ಮಾತಾಡಿ ಸಾಕಾಗಿದೆ."

ಟವರಿನವರದು ಹೋಗಲಿ. ಶೆಡ್ಡಿನವರು ನಮ್ಮವರು. ಪಕ್ಕದ ಶೆಡ್ಡಿನ ಸುಮಂಗಲಾ ತುಂಬು ಬಸುರಿ, ಅರ್ಜಿಗೆ ಸೂಚಕಳಾಗಿ ಹೆಬ್ಬೆಟ್ಟು ಒತ್ತಿದವಳೇ ಅವಳು. ಅವಳೇ ಕೈ ಹಿಡಿದುಕೊಂಡು ಅತ್ತಳು.

"ಹೆಬ್ಬೆಟ್ಟು ಬೇಕಾದ್ರ ಹತ್ತು ಒತ್ತತೀನಿ ಅಕ್ಕಾ. ವೋಟು ಹಾಕಂಗಿಲ್ಲ. ಹೊಟ್ಟ್ಯಾಗ ಕೂಸು ಅದ. ಭಂಡಾರ ಹಾರ್ಸಿ ಮಾತು ತಪ್ಪಿದ್ರ ಮಲ್ಲಯ್ಯ ಬಿಡ್ತಾನೇನು?"

"ಆ ಕೂಸು ನಾಳೆ ಚೆಂಬು ಹಿಡ್ಕೊಂಡು ಅದೇ ದಾರ್ಯಾಗ ಹೋಗ್ತದ, ಸುಮಂಗಲಾ."

"ಅದು ನಾಳಿನ ಮಾತು. ಮಲ್ಲಯ್ಯ ಇವತ್ತೇ ಇದ್ದಾನ."

ಮನೆಯಲ್ಲಿ ಶಿವಪುತ್ರಪ್ಪ ರೊಟ್ಟಿ ಮುರಿಯುತ್ತ ಕೂತಿದ್ದ. ಬಾಯಿಗೆ ಒಯ್ಯುತ್ತಿರಲಿಲ್ಲ. "ನನ್ನ ವೋಟು ಕೇಳಬ್ಯಾಡ," ಎಂದ. ಅವಳು ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಅವನೇ, "ಆಕಿ ನನ್ನ ಮಗಳೂ ಹೌದು," ಎಂದು ತಟ್ಟೆ ಸರಿಸಿ ಎದ್ದು ಹೋದ.

ಮತದಾನದ ದಿನ ರುದ್ರವ್ವ ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟಳು. ಯಂತ್ರದ ಮುಂದೆ ಬಹಳ ಹೊತ್ತು ನಿಂತಳು. ಹೊರಗಿನಿಂದ ಅಧಿಕಾರಿ, "ಬಾಈ, ಬಟನ್ ದಾಬಾ, ಝೋಪಲಾತ ಕಾ?" ಎಂದು, ನಿದ್ದೆ ಹೋದೆಯಾ ಎನ್ನುವಂತೆ, ಗದರಿದ. ಬೀಪ್ ಎಂದಿತು. ಹೊರಗೆ ಬಂದಾಗ ಅವಳ ಮುಖದಲ್ಲಿ ಏನೂ ಇರಲಿಲ್ಲ.

ಎಣಿಕೆಯ ದಿನ ಮಧುಕರ್ ಮೊಬೈಲು ಹಿಡಿದು ಶೆಡ್ಡಿನ ಓಣಿಗೇ ಬಂದ. ಇಂಥ ಸುದ್ದಿಯನ್ನು ಫೋನಿನಲ್ಲಿ ಹೇಳುವುದುಂಟೆ?

"ಟವರಿನವ್ರು ಹನ್ನೊಂದು ಹಾಕ್ಯಾರ, ಯಾಕಂತ ದೇವರಿಗೇ ಗೊತ್ತು. ನಮ್ಮ ಶೆಡ್ಡಿನ ಬೂತಿನಾಗ ಸೊನ್ನಿ! ಗಂಡ ಹಾಕಿಲ್ಲ, ಹೋಗ್ಲಿ." ಅವನು ಮತ್ತೊಮ್ಮೆ ಪರದೆ ನೋಡಿದ. "ಏ ಮೂಳಿ, ನಿಂದೂ ಇಲ್ಲಲ್ಲಲೇ! ನಿನಗ ನೀನೂ ಹಾಕಿಲ್ಲಲ್ಲಲೇ!"

ಓಣಿ ನಗಲಿಲ್ಲ. ಶಿವಪುತ್ರಪ್ಪ ತಲೆಯೆತ್ತಿ ಹೆಂಡತಿಯನ್ನು ನೋಡಿದ.

"ನಾನೂ ಭಂಡಾರ ಹಾರ್ಸಿದ್ದೆ," ಎಂದಳು ರುದ್ರವ್ವ.

ಮಧುಕರ್ ಮೆರವಣಿಗೆ ಸೇರಲು ಓಡಿದ. ಅವಳು ಒಳಗೆ ಹೋಗಿ ಕಬ್ಬು ಕಡಿಯುವ ಕೊಯ್ತ ತಂದಳು. ಓಣಿಯ ಬಾಯಿಗೆ ಒತ್ತೊತ್ತಾಗಿ ಅಡ್ಡಪಟ್ಟಿಗಳಿದ್ದ ಕಬ್ಬಿಣದ ಚೌಕಟ್ಟಿಗೆ ಬಿಗಿದ ದಾದಾನ ಫ್ಲೆಕ್ಸು ನಿಂತಿತ್ತು. ತಂತಿ ಕಡಿದಳು. ಚೌಕಟ್ಟು ವಾಲಿದಾಗ ಇನ್ನೊಂದು ತುದಿಗೆ ಕೈಯೊಂದು ಬಂತು, ಶಿವಪುತ್ರಪ್ಪ. ಇಬ್ಬರೂ ಮಾತಿಲ್ಲದೆ, ಸೆಂಟ್ರಿಂಗ್ ಪ್ಲೇಟು ಒಯ್ದಂತೆ ಒಯ್ದರು. ಜಾಲಿ ಟೊಂಗೆ ಕಿತ್ತು ಎಸೆದು ಚೇಂಬರಿನ ಮೇಲೆ ಮಲಗಿಸಿದರು, ಮುಖ ಮೇಲಾಗಿ. ಅಳತೆ ಸರಿಯಾಗಿಯೇ ಕೂತಿತು.

ಅಷ್ಟರಲ್ಲಿ ಮೆರವಣಿಗೆ ಬಯಲಿನ ಅಂಚಿಗೆ ಬಂತು. ಡೋಲು, ಪಟಾಕಿ, ಮುಂದೊಂದು ಜೆಸಿಬಿ. ಅದರ ಬಕೆಟ್ಟಿನಲ್ಲಿ ನಿಂತ ಹುಡುಗರು ಭಂಡಾರ ತೂರುತ್ತಿದ್ದರು. ಗಾಳಿ ಇತ್ತ ಬೀಸಿ ಅರಿಶಿನ ಓಣಿಯ ಮೇಲೆಲ್ಲ ಇಳಿಯಿತು. ಫ್ಲೆಕ್ಸಿನ ಮೇಲೂ ಇಳಿಯಿತು. ದಾದಾನ ಬಾಗಿಲಿನಷ್ಟು ಮುಖ ಹಳದಿಯಾಯಿತು.

ಬಯಲಿನಿಂದ ಚೆಂಬು ಹಿಡಿದು ಬಂದ ಹೆಂಗಸರು ಆಚೆ ನಿಂತರು. ಮೆರವಣಿಗೆಯ ಗದ್ದಲದಲ್ಲಿ ಸುತ್ತಿ ಬರಲು ದಾರಿಯಿರಲಿಲ್ಲ. ದಾದಾನ ಮುಖ ತುಳಿಯಲು ಅವರೇನೂ ಹೇಸುತ್ತಿರಲಿಲ್ಲ. ಆದರೆ ಭಂಡಾರ. ಅವರಲ್ಲಿದ್ದ ಸುಮಂಗಲಾ ಹೊಟ್ಟೆ ಹಿಡಿದುಕೊಂಡು ಚಪ್ಪಲಿ ಬಿಚ್ಚಿದಳು, ನಮಸ್ಕರಿಸಿದಳು, ಕಾಲು ಮಾತ್ರ ಎತ್ತಲಿಲ್ಲ.

ರುದ್ರವ್ವ ಸೀರೆಯ ನೆರಿಗೆ ಎತ್ತಿ ಕಟ್ಟಿದಳು.

"ಮಲ್ಲಯ್ಯಾ," ಎಂದಳು, ಮನೆಯ ಬಾಗಿಲಲ್ಲಿ ಅಡ್ಡ ಕೂತ ಮುದುಕನಿಗೆ ಹೇಳುವಂತೆ, "ನಿನಗ ಕೊಟ್ಟ ಮಾತು ನಾ ಉಳಿಸೀನಿ. ಈಗ ನೀ ಸರದು ನಿಂದ್ರು."

ಅರಿಶಿನದ ಮೇಲೆ ಕಾಲಿಟ್ಟಳು. ಚೌಕಟ್ಟು ಕಿರ್ರೆಂದಿತು. ಕೆಳಗೆ ನೀರಿನ ಸದ್ದು. ನಡುವಿಗೆ ಹೋಗಿ ನಿಂತು ಸುಮಂಗಲಾಳ ಕಡೆಗೆ ಕೈ ಚಾಚಿದಳು.

"ಬಾ."

ಆ ಕಡೆ ಮಧುಕರ್, "ಏ ಕಳ್ಳ ರಂಡೇ, ಫ್ಲೆಕ್ಸು!" ಎಂದು ಕೂಗುತ್ತ ಓಡಿ ಬರುತ್ತಿದ್ದ. ಈ ಕಡೆ ಶಿವಪುತ್ರಪ್ಪ ಚೌಕಟ್ಟಿನ ಅಂಚನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ. ಸುಮಂಗಲಾ ಒಂದು ಕಾಲು ಎತ್ತಿದ್ದಳು. ಇನ್ನೂ ಇಟ್ಟಿರಲಿಲ್ಲ.